ಕೊರಳು, ಸೊಂಟ ಮತ್ತು ‘ಸವೆತ’ವೆಂಬ ಮಾತು

ದೃಢ ನಿಲುವಿನವನನ್ನು ಬೆನ್ನೆಲುಬುಳ್ಳವನೆಂದೂ ಹೇಡಿಯನ್ನು ಬೆನ್ನೆಲುಬಿಲ್ಲದವನೆಂದೂ ಕರೆಯುವುದು ನಮ್ಮ ರೂಢಿ. ರೈತನನ್ನು ನಾಡಿನ ಬೆನ್ನೆಲುಬು ಎನ್ನುತ್ತೇವೆ. ಯೋಗಶಾಸ್ತ್ರದಲ್ಲಿ ಇದರ ಹೆಸರು ಮೇರುದಂಡ. ಈ ಎಲ್ಲ ಮಾತುಗಳಲ್ಲಿಯೂ ಬೆನ್ನುಮೂಳೆಯೆಂದರೆ ಬಾಗದ, ಬಳುಕದ ಒಂದು ಕಂಬವೆಂಬ ಭಾವನೆ ಅಡಗಿದೆ. ಹಲವು ವರ್ಷಗಳಿಂದ ಮೂಳೆರೋಗಗಳ ಚಿಕಿತ್ಸೆಯಲ್ಲಿ ತೊಡಗಿರುವ ನನಗೆ ಅದು ಕಂಬಕ್ಕಿಂತ ಹೆಚ್ಚಾಗಿ ಮಣಿಮಾಲೆಯಂತೆ ಕಾಣುತ್ತದೆ. ಬಾಗುವುದು, ತಿರುಗುವುದು, ಮತ್ತೆ ನೆಟ್ಟಗಾಗುವುದು ಅದರ ಸಹಜ ಧರ್ಮ.

ಕೊರಳಿನಲ್ಲಿ 7, ಎದೆಯ ಹಿಂಭಾಗದಲ್ಲಿ 12, ಸೊಂಟದಲ್ಲಿ 5, ಹೀಗೆ ಬಿಡಿಬಿಡಿಯಾದ 24 ಮಣಿಗಳು ಇದರಲ್ಲಿವೆ. ಅಷ್ಟು ನೀಳವಾದ ಜಿರಾಫೆಯ ಕೊರಳಿನಲ್ಲಿಯೂ ಮಣಿಗಳು ಏಳೇ ಎಂಬುದು ಸೃಷ್ಟಿಯ ಒಂದು ಸೋಜಿಗ. ಕೊರಳಿನ ಮೊದಲೆರಡು ಮಣಿಗಳನ್ನು ಬಿಟ್ಟರೆ ಉಳಿದವುಗಳ ನಡುನಡುವೆ ಒಂದೊಂದು ಮೆತ್ತನೆಯ ಬಿಲ್ಲೆ ಇರುತ್ತದೆ. ಇದನ್ನೇ ಡಿಸ್ಕ್ ಎನ್ನುವುದು. ಇದಕ್ಕೆ ಹೊರಗೆ ನಾರಿನ ಉಂಗುರ, ಒಳಗೆ ಲೋಳೆಯಂಥ ತಿರುಳು. ಎಳೆಯ ವಯಸ್ಸಿನಲ್ಲಿ ಈ ತಿರುಳಿನ ಸುಮಾರು ಶೇಕಡಾ 80 ಭಾಗ ನೀರೇ. ಹಗಲಿನ ಭಾರಕ್ಕೆ ಆ ನೀರಿನ ಒಂದಂಶ ಹಿಂಡಿಹೋಗಿ, ರಾತ್ರಿ ಮಲಗಿದಾಗ ಮತ್ತೆ ಒಳಸೇರುತ್ತದೆ. ಸಂಜೆಗಿಂತ ಬೆಳಗ್ಗೆ ನಾವು ತುಸು ಎತ್ತರವಾಗಿರುವುದು ಇದರಿಂದಲೇ. ವಯಸ್ಕರ ಬಿಲ್ಲೆಯ ಒಳತಿರುಳಿಗೆ ರಕ್ತನಾಳಗಳಿಲ್ಲ. ಅಕ್ಕಪಕ್ಕದಿಂದ ಜಿನುಗಿ ಬರುವ ರಸವೇ ಅದಕ್ಕೆ ಆಹಾರ.

ವಯಸ್ಸಾದಂತೆ ಈ ತಿರುಳು ಒಣಗುತ್ತದೆ, ಬಿಲ್ಲೆ ತೆಳುವಾಗುತ್ತದೆ, ಮಣಿಗಳ ಅಂಚಿನಲ್ಲಿ ಮೂಳೆಯ ಚಿಕ್ಕ ಮೊಳಕೆಗಳು ಏಳುತ್ತವೆ. ಸ್ಪಾಂಡಿಲೋಸಿಸ್ ಎಂಬ ಹೆಸರಿನಿಂದ ಮನೆಮನೆಗೂ ಪರಿಚಿತವಾದದ್ದು ಇದೇ. ಕೊರಳಿನಲ್ಲಿ ಐದು, ಆರು ಮತ್ತು ಏಳನೆಯ ಮಣಿಗಳ ನಡುವೆ, ಸೊಂಟದಲ್ಲಿ ಕೊನೆಯ ಎರಡು ಬಿಲ್ಲೆಗಳಲ್ಲಿ ಇದು ಹೆಚ್ಚು. ಬಿಲ್ಲೆಯ ಉಂಗುರ ಹರಿದು ತಿರುಳು ಹೊರಚಾಚಿ ನರವನ್ನು ತಾಕಿದರೆ, ಕೊರಳಿನ ನೋವು ತೋಳಿಗಿಳಿದು ಬೆರಳುಗಳು ಜೋಮು ಹಿಡಿಯುತ್ತವೆ. ಸೊಂಟದ ನೋವು ತೊಡೆಯ ಹಿಂಭಾಗದಿಂದ ಪಾದದವರೆಗೆ ಹರಿಯುತ್ತದೆ. ಆಯುರ್ವೇದದಲ್ಲಿ ಈ ಎರಡನೆಯದಕ್ಕೆ ಗೃಧ್ರಸಿ ಎಂದು ಹೆಸರು. ಅದಕ್ಕೂ ಬಿಲ್ಲೆಗೂ ಇರುವ ನಂಟನ್ನು 1934ರಲ್ಲಿ ಬೋಸ್ಟನ್ನಿನ ಮಿಕ್ಸ್‌ಟರ್ ಮತ್ತು ಬಾರ್ ಎಂಬ ಶಸ್ತ್ರವೈದ್ಯರು ಸ್ಪಷ್ಟವಾಗಿ ತೋರಿಸಿಕೊಟ್ಟರು. ಇನ್ನು ಕೆಲವು ವೃದ್ಧರಿಗೆ ಸ್ವಲ್ಪ ದೂರ ನಡೆದೊಡನೆ ಕಾಲುಗಳು ಭಾರವಾಗುತ್ತವೆ, ಜಗಲಿಯ ಮೇಲೆ ಮುಂದೆ ಬಾಗಿ ಕುಳಿತರೆ ಹಗುರವಾಗುತ್ತವೆ. ನರಗಳು ಸಾಗುವ ನಾಳವೇ ಸೊಂಟದಲ್ಲಿ ಕಿರಿದಾಗಿರುವುದರ ಲಕ್ಷಣ ಅದು.

ಇಷ್ಟು ರೋಗದ ಮಾತಾಯಿತು. ನನ್ನನ್ನು ಇದಕ್ಕಿಂತ ಹೆಚ್ಚಾಗಿ ಕಾಡುವುದು ರೋಗಿಯ ಕಿವಿಗೆ ಬೀಳುವ ಒಂದು ಶಬ್ದ: ‘ಸವೆತ’. ಅಡಿಕೆ ತೋಟದ ಕೆಲಸದಲ್ಲೇ ಬಾಳು ಕಳೆದ ಐವತ್ತರ ಹೆಣ್ಣುಮಗಳೊಬ್ಬರು ನನ್ನಲ್ಲಿಗೆ ಬಂದಿದ್ದರು. ನಿಮ್ಮ ಮೂಳೆ ಸವೆದಿದೆ ಎಂದು ಯಾರೋ ಹೇಳಿದ ದಿನದಿಂದ ಒಂದು ವರ್ಷ ಅವರು ಬಗ್ಗಿರಲಿಲ್ಲ, ಕೊಡ ಎತ್ತಿರಲಿಲ್ಲ, ಮೊಮ್ಮಗುವನ್ನು ಎತ್ತಿಕೊಂಡಿರಲಿಲ್ಲ. ನೋವು ಆಗಲೇ ಬಹುಪಾಲು ಇಳಿದಿತ್ತು; ಭಯ ಮಾತ್ರ ಇಳಿದಿರಲಿಲ್ಲ. ಸವೆತವೆಂದೊಡನೆ ನಮ್ಮ ಮನಸ್ಸಿಗೆ ಬರುವುದು ಚಪ್ಪಲಿಯ ಅಟ್ಟೆ, ಗಾಡಿಯ ಚಕ್ರದ ಅಚ್ಚು. ಬಳಸಿದಷ್ಟೂ ಅವು ಕೆಡುತ್ತವೆ. ಜೀವಂತ ಮೂಳೆಗೂ ಸ್ನಾಯುವಿಗೂ ಈ ಲೆಕ್ಕ ಸಲ್ಲದು. ಹದವಾಗಿ ಬಳಸಿದಷ್ಟೂ ಅವು ಬಲಗೊಳ್ಳುತ್ತವೆ.

ಚಿತ್ರದಲ್ಲಿ ಕಂಡದ್ದೆಲ್ಲ ನೋವಿಗೆ ಕಾರಣವೂ ಅಲ್ಲ. ಬೆನ್ನುನೋವೇ ಇಲ್ಲದ 3,110 ಮಂದಿಯ ಸ್ಕ್ಯಾನ್ ಚಿತ್ರಗಳನ್ನು ಕುರಿತ 33 ಅಧ್ಯಯನಗಳನ್ನು ಒಟ್ಟುಗೂಡಿಸಿದ ಸಮೀಕ್ಷೆಯೊಂದು 2015ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನಂತೆ, ಯಾವ ನೋವೂ ಇಲ್ಲದ ಇಪ್ಪತ್ತರ ಹರೆಯದವರಲ್ಲೇ ಶೇಕಡಾ 37ರಷ್ಟು ಮಂದಿಗೆ ಬಿಲ್ಲೆಯ ಕ್ಷಯದ ಗುರುತುಗಳಿರುತ್ತವೆ. ಎಂಬತ್ತರವರಲ್ಲಿ ಇದು ಶೇಕಡಾ 96. ಹಾಗಾದರೆ ಇದನ್ನು ನರೆಗೂದಲಿನ ಸಾಲಿಗೆ ಸೇರಿಸುವುದೇ ಹೆಚ್ಚು ಸರಿ. ಚಿತ್ರದಲ್ಲಿರುವ ಗುರುತು ರೋಗಿಯ ಕಥೆಗೂ ಅವನ ಕೈಕಾಲುಗಳ ಪರೀಕ್ಷೆಗೂ ಹೊಂದಿಕೊಂಡಾಗ ಮಾತ್ರ ಅದಕ್ಕೆ ಅರ್ಥ ಬರುತ್ತದೆ.

ನಮ್ಮ ಹಳ್ಳಿಗಳಲ್ಲಿ ಒಂದು ನಂಬಿಕೆಯಿದೆ. ಕಾಲು ಮುಂದಾಗಿ ಹುಟ್ಟಿದವರು ಮೆಲ್ಲನೆ ಒದ್ದರೆ ಸೊಂಟದ ಉಳುಕು ಬಿಟ್ಟುಹೋಗುತ್ತದಂತೆ. ಒದೆಸಿಕೊಂಡವರಲ್ಲಿ ಹೆಚ್ಚಿನವರು ಗುಣವಾಗುವುದೂ ನಿಜವೇ. ಏಕೆಂದರೆ ಹೊಸದಾಗಿ ಹಿಡಿದ ಸೊಂಟ ಬಹುಮಟ್ಟಿಗೆ ಕೆಲವು ವಾರಗಳೊಳಗೆ ತಾನಾಗಿಯೇ ಬಿಡುತ್ತದೆ. ಕೀರ್ತಿ ಒದ್ದವರದು, ಕೆಲಸ ಪ್ರಕೃತಿಯದು. ವೈದ್ಯರಾದ ನಮಗೂ ಇಂಥ ಪುಕ್ಕಟೆ ಕೀರ್ತಿ ಎಷ್ಟೋ ಸಲ ದೊರೆಯುತ್ತದೆಂಬುದನ್ನು ಮರೆಮಾಚಬೇಕಾಗಿಲ್ಲ.

ಸೊಂಟ ಹಿಡಿದವರಿಗೆ ವಾರಗಟ್ಟಲೆ ಹಾಸಿಗೆಯನ್ನು ವಿಧಿಸುತ್ತಿದ್ದ ಕಾಲವೊಂದಿತ್ತು. 1986ರಲ್ಲಿ ಅಮೆರಿಕದ ರಿಚರ್ಡ್ ಡೇಯೊ ಮತ್ತು ಸಂಗಡಿಗರು 203 ರೋಗಿಗಳಲ್ಲಿ ಕೆಲವರಿಗೆ ಎರಡು ದಿನ, ಕೆಲವರಿಗೆ ಏಳು ದಿನ ಮಲಗಿರಲು ಹೇಳಿ ಫಲವನ್ನು ಹೋಲಿಸಿದರು. ಎರಡು ದಿನದವರು ಕಳೆದುಕೊಂಡ ಕೆಲಸದ ದಿನಗಳು ಶೇಕಡಾ 45ರಷ್ಟು ಕಡಿಮೆ. ಉಳಿದ ಯಾವುದರಲ್ಲಿಯೂ ಅವರು ಹಿಂದೆ ಬೀಳಲಿಲ್ಲ. ಇಂದು ನಾವು ಹೇಳುವುದು ನೋವು ಸಹಿಸುವಷ್ಟರ ಮಟ್ಟಿಗೆ ಓಡಾಡಿರಿ ಎಂದೇ. ಶಸ್ತ್ರಚಿಕಿತ್ಸೆಯ ವಿಷಯದಲ್ಲಿಯೂ ಅವಸರ ಸಲ್ಲ, ಅತಿಭಯವೂ ಬೇಡ. ತೀವ್ರ ಗೃಧ್ರಸಿಯಿದ್ದ 283 ಮಂದಿಯನ್ನು ಕುರಿತ ಡಚ್ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಬೇಗ ಶಸ್ತ್ರಚಿಕಿತ್ಸೆಗೊಳಗಾದವರಿಗೆ ನೋವು ಬೇಗ ತಗ್ಗಿತು. ಕಾದು ನೋಡಿದ ಗುಂಪಿನಲ್ಲಿ ಕೆಲವರಿಗೆ ಮುಂದೆ ಶಸ್ತ್ರಚಿಕಿತ್ಸೆ ಬೇಕಾಯಿತು, ಹೆಚ್ಚಿನವರಿಗೆ ಬೇಕಾಗಲಿಲ್ಲ. ವರ್ಷದ ಕೊನೆಗೆ ಎರಡೂ ಗುಂಪುಗಳಲ್ಲಿ ಶೇಕಡಾ 95ರಷ್ಟು ಜನ ಚೇತರಿಸಿಕೊಂಡಿದ್ದರು.

ಹಾಗೆಂದು ಎಲ್ಲವನ್ನೂ ಪ್ರಕೃತಿಗೆ ಒಪ್ಪಿಸಿ ಕೈಕಟ್ಟಿ ಕೂರುವಂತಿಲ್ಲ. ನೋವಿನ ಕೂಗಿಗೂ ಅಪಾಯದ ಗಾತ್ರಕ್ಕೂ ನೇರ ಸಂಬಂಧವಿಲ್ಲವೆಂಬುದು ನನ್ನ ಅನುಭವ. ಶಾಲಾ ಉಪಾಧ್ಯಾಯರೊಬ್ಬರ ನಿದರ್ಶನವನ್ನು ಹೇಳುತ್ತೇನೆ. ಮುತ್ತಿನಂಥ ಅಕ್ಷರಕ್ಕೆ ಹೆಸರಾದವರು. ಕಪ್ಪುಹಲಗೆಯ ಮೇಲೆ ಅವರ ಸಾಲುಗಳು ಸೊಟ್ಟಗಾಗತೊಡಗಿದವು. ಅಂಗಿಯ ಗುಂಡಿ ಹಾಕುವುದು ತಡವಾಯಿತು, ಮೆಟ್ಟಿಲಿಳಿಯುವಾಗ ಗೋಡೆ ಹಿಡಿಯಬೇಕಾಯಿತು. ನೋವು ಇರಲೇ ಇಲ್ಲ. ವಯಸ್ಸಿನ ದೋಷವೆಂದು ಮನೆಯವರು ಎರಡು ವರ್ಷ ಸುಮ್ಮನಿದ್ದರು. ಅವರ ಕೊರಳಿನಲ್ಲಿ ಬೆನ್ನುಹುರಿಯೇ ಅದುಮಿಹೋಗುತ್ತಿತ್ತು. ಶಸ್ತ್ರಚಿಕಿತ್ಸೆಯಿಂದ ಕೇಡು ಮುಂದುವರಿಯುವುದು ನಿಂತಿತು. ಅಕ್ಷರಗಳ ಹಳೆಯ ಚೆಲುವು ಅರ್ಧದಷ್ಟು ಮಾತ್ರ ಮರಳಿತು. ಮೊದಲ ವರ್ಷವೇ ಬಂದಿದ್ದರೆ ಇನ್ನಷ್ಟು ಉಳಿಯುತ್ತಿತ್ತೆಂದು ನನ್ನ ನಂಬಿಕೆ.

ಆದ್ದರಿಂದ ಕೆಲವು ಗುರುತುಗಳನ್ನು ಮನಸ್ಸಿನಲ್ಲಿಡಬೇಕು. ಸೊಂಟನೋವಿನೊಡನೆ ಮೂತ್ರ ಕಟ್ಟುವುದು ಅಥವಾ ಅರಿವಿಲ್ಲದೆ ಹೋಗುವುದು, ಮಲದ ಹಿಡಿತ ತಪ್ಪುವುದು, ಕುಳಿತಾಗ ನೆಲಕ್ಕೆ ತಾಕುವ ಭಾಗ ಮರಗಟ್ಟುವುದು, ಇವುಗಳಲ್ಲಿ ಒಂದಿದ್ದರೂ ಅಂದೇ ಆಸ್ಪತ್ರೆಗೆ ಹೋಗಬೇಕು. ಬೆಳಗಾಗಲಿ ಎಂದು ಕಾಯಬಾರದು. ಪಾದ ಅಥವಾ ಕೈ ಸೋಲುತ್ತಿದ್ದರೆ ತಡಮಾಡಬಾರದು. ನೋವಿನ ಜೊತೆ ಸಂಜೆಯ ಜ್ವರ, ರಾತ್ರಿಯ ಬೆವರು, ತೂಕ ಇಳಿಯುವುದು ಇದ್ದರೆ ಬೆನ್ನುಮೂಳೆಯ ಕ್ಷಯರೋಗದ ಶಂಕೆ ಬರಬೇಕು. ಲಂಡನ್ನಿನ ಪರ್ಸಿವಲ್ ಪಾಟ್ 1779ರಲ್ಲಿ ವರ್ಣಿಸಿದ ಆ ರೋಗ ನಮ್ಮ ದೇಶವನ್ನು ಇನ್ನೂ ಬಿಟ್ಟಿಲ್ಲ. ಔಷಧಿಯಿಂದ ಗುಣವಾಗುವಂಥದು ಎಂಬುದು ಸಮಾಧಾನ. ಹಿಂದೆ ಕ್ಯಾನ್ಸರ್ ಬಂದಿದ್ದವರು, ಸಣ್ಣದಾಗಿ ಬಿದ್ದ ಮೇಲೆ ಬೆನ್ನು ಹಿಡಿದ ವೃದ್ಧೆಯರು ಇವರನ್ನೂ ಬೇಗ ಪರೀಕ್ಷಿಸಬೇಕು.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2020ರಲ್ಲಿ ಸೊಂಟನೋವಿನಿಂದ ಬಳಲುತ್ತಿದ್ದವರು 61 ಕೋಟಿ 90 ಲಕ್ಷ. ಇವರಿಗೆಲ್ಲ ನೆಟ್ಟಗೆ ಕುಳಿತುಕೊಳ್ಳಿ ಎಂದು ಉಪದೇಶಿಸುವುದು ಸುಲಭ. ಕೆಸರಿನಲ್ಲಿ ಬಾಗಿ ದಿನವಿಡೀ ನಾಟಿ ಮಾಡುವ ಹೆಂಗಸಿಗೆ, ಮೂಟೆ ಹೊರುವ ಹಮಾಲನಿಗೆ ಆ ಉಪದೇಶದಿಂದ ಏನು ಫಲ? ಅವರಿಗೆ ಬೇಕಾದದ್ದು ನಡುನಡುವೆ ಬಿಡುವು, ಹಗುರವಾದ ಮೂಟೆ, ಉದ್ದ ಹಿಡಿಯ ಸಲಕರಣೆ. ಮೇಜಿನ ಮುಂದೆ ಕೂರುವ ನಮಗೆ ಬೇಕಾದದ್ದು ಆಗಾಗ ಎದ್ದು ನಡೆಯುವ ಅಭ್ಯಾಸ, ಬೆನ್ನಿನ ಸ್ನಾಯುಗಳಿಗೆ ದಿನವೂ ಒಂದಿಷ್ಟು ಕೆಲಸ, ಮತ್ತು ಬೀಡಿ ಸಿಗರೇಟಿನಿಂದ ದೂರವಿರುವುದು.

ನಾಳೆ ನಿಮ್ಮ ಕೈಯಲ್ಲಿಯೂ ಒಂದು ಚಿತ್ರ, ಅದರ ಜೊತೆಗೊಂದು ದೊಡ್ಡ ಹೆಸರು ಬರಬಹುದು. ಆಗ ನಿಮ್ಮ ವೈದ್ಯರನ್ನು ಎರಡು ಪ್ರಶ್ನೆ ಕೇಳಿರಿ: ನನ್ನ ನರಗಳ ಬಲಕ್ಕೆ ಏನಾದರೂ ಕುಂದು ಬಂದಿದೆಯೆ? ಬಂದಿಲ್ಲವಾದರೆ, ನಾನು ಯಾವ ಕೆಲಸದಿಂದ ಮತ್ತೆ ಆರಂಭಿಸಲಿ? ತೋಟದ ಆ ತಾಯಿ ಆರಂಭಿಸಿದ್ದು ಅರ್ಧ ಕೊಡ ನೀರಿನಿಂದ. ಮೂರನೆಯ ತಿಂಗಳು ಅವರು ಮೊಮ್ಮಗುವನ್ನು ಸೊಂಟದ ಮೇಲೆ ಎತ್ತಿಕೊಂಡೇ ನನ್ನಲ್ಲಿಗೆ ಬಂದರು. ಹೊಸ ಚಿತ್ರ ತೆಗೆಸಬೇಕೆ ಎಂದು ಕೇಳಿದರು. ಬೇಕಿಲ್ಲವೆಂದೆ.