ಸಾಬೂನಿನ ಗೃಹೋದ್ಯೋಗವೂ ಎಳೆಯ ಮಕ್ಕಳೂ

(ಸಂಘದ ರಾಜ್ಯೋತ್ಸವದ ಅಂಗವಾಗಿ ನಡೆದ ಗೃಹೋದ್ಯೋಗ ಗೋಷ್ಠಿಯಲ್ಲಿ ಮಾಡಿದ ಭಾಷಣ)



ನಾಡು ನುಡಿಗಳ ಹಿರಿಮೆಯನ್ನು ಕುರಿತು ಈ ವೇದಿಕೆಯಿಂದ ಬಲ್ಲವರು ಪ್ರತಿವರ್ಷವೂ ಮಾತನಾಡಿದ್ದಾರೆ. ನಾವು ಬಿ.ಕಾಂ. ಓದಿ, ಬ್ಯಾಂಕಿನಲ್ಲಿ ಗುಮಾಸ್ತರಾಗಿ ಜಮಾಖರ್ಚು ಬರೆಯುವವರು. ಆದುದರಿಂದ ಕಾರ್ಯದರ್ಶಿಗಳು ನಮಗೆ ಸಾಬೂನಿನ ವಿಷಯವನ್ನು ಒಪ್ಪಿಸಿದ್ದು ಉಚಿತವೇ ಆಯಿತು. ನಮ್ಮ ಮನೆಯಾಕೆ ನಾಲ್ಕು ವರ್ಷಗಳಿಂದ ಕೈಸಾಬೂನು ತಯಾರಿಸಿ ಮಾರುತ್ತಿದ್ದಾರೆ. ಮನೆಯಲ್ಲಿ ಏಳು ವರ್ಷದ ಮಗಳೂ ಮೂರು ವರ್ಷದ ಮಗನೂ ಇದ್ದಾರೆ. ಬ್ಯಾಂಕಿನ ನೌಕರರು ವ್ಯಾಪಾರ ಮಾಡುವುದನ್ನು ಸೇವಾನಿಯಮಗಳು ಒಪ್ಪುವುದಿಲ್ಲ. ಉದ್ಯಮ ಅವರದು, ಪರವಾನಗಿ ಅವರದು, ಖಾತೆಯೂ ಅವರದೇ. ನಮ್ಮ ಪಾಲಿಗೆ ಬಂದಿರುವುದು ಎಣ್ಣೆಯ ಡಬ್ಬಿ ಹೊರುವುದು, ಮಗುವನ್ನು ಎತ್ತಿಕೊಳ್ಳುವುದು, ರಾತ್ರಿ ಕುಳಿತು ಲೆಕ್ಕ ನೋಡುವುದು, ಇಷ್ಟೆ.

ಸಾಬೂನೆಂದರೆ ಕನ್ನಡಿಗರಿಗೆ ಮೊದಲು ನೆನಪಾಗುವುದು ಮೈಸೂರಿನ ಗಂಧ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಗಂಧದ ಕೊರಡುಗಳು ಯೂರೋಪಿಗೆ ಹೋಗುವುದು ನಿಂತಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಸರಕಾರವು ದಿವಾನ್ ವಿಶ್ವೇಶ್ವರಯ್ಯನವರ ಆಡಳಿತದಲ್ಲಿ 1916ರಲ್ಲಿ ಗಂಧದೆಣ್ಣೆ ತೆಗೆಯುವುದಕ್ಕೆ ತೊಡಗಿತು. ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಪ್ರೊಫೆಸರ್ ಸಡ್‌ಬರೋ ಮತ್ತು ವಾಟ್ಸನ್ ಎಣ್ಣೆ ತೆಗೆಯುವ ಕ್ರಮವನ್ನು ರೂಢಿಸಿದರು. ಎಸ್. ಜಿ. ಶಾಸ್ತ್ರಿಗಳನ್ನು ಸರಕಾರವೇ ಇಂಗ್ಲೆಂಡಿಗೆ ಕಳುಹಿಸಿ ವಿದ್ಯೆ ಕಲಿಸಿತು. 1918ರಲ್ಲಿ ಸಾಬೂನಿನ ಕಾರ್ಖಾನೆ ಹುಟ್ಟಿತು. 1980ರಲ್ಲಿ ಅದೇ ಕರ್ನಾಟಕ ಸೋಪ್ಸ್ ಅಂಡ್ ಡಿಟರ್ಜೆಂಟ್ಸ್ ಸಂಸ್ಥೆಯಾಯಿತು.

ಇಲ್ಲಿ ಲೆಕ್ಕದವರ ಕಣ್ಣಿಗೆ ಬೀಳುವ ಸಂಗತಿಯೊಂದುಂಟು. ಶಾಸ್ತ್ರಿಗಳು ಕಲಿಯಲು ಹೋದ ಕಾಲವನ್ನು ಮೈಸೂರು ಸರಕಾರ ವ್ಯರ್ಥ ಕಾಲವೆಂದು ತಿಳಿಯಲಿಲ್ಲ. ಬಂಡವಾಳವೆಂದು ತಿಳಿದು ಹಣ ಹಾಕಿತು. ಮನೆಯಲ್ಲಿ ಸಾಬೂನು ಮಾಡುವ ತಾಯಿಯ ಕಾಲಕ್ಕೆ ಮಾತ್ರ ನಾವು ಬೆಲೆ ಕಟ್ಟುವುದಿಲ್ಲ. ನಮ್ಮ ಕೌಂಟರಿನ ಮುಂದೆ ಕಂಕುಳಲ್ಲಿ ಮಗುವನ್ನೆತ್ತಿಕೊಂಡು ಸಾಲದ ಅರ್ಜಿ ತುಂಬುವ ಹೆಣ್ಣುಮಕ್ಕಳನ್ನು ಆಗಾಗ ಕಾಣುತ್ತೇವೆ. ಕಚ್ಚಾಮಾಲು ಎಷ್ಟು, ಬಾಡಿಗೆ ಎಷ್ಟು, ವಿದ್ಯುತ್ತು ಎಷ್ಟು ಎಂಬುದನ್ನೆಲ್ಲ ರೂಪಾಯಿ ಲೆಕ್ಕದಲ್ಲಿ ಬರೆಯುತ್ತಾರೆ. ಕೂಲಿ ಎಂಬ ಕಾಲಮ್ಮಿಗೆ ಬಂದೊಡನೆ ಸೊನ್ನೆ ಹಾಕುತ್ತಾರೆ. ಕೇಳಿದರೆ, ‘ಕೆಲಸ ನಾನೇ ಮಾಡ್ತೀನಲ್ಲ ಸಾರ್, ಕೂಲಿ ಯಾಕೆ?’ ಎನ್ನುತ್ತಾರೆ. ಈ ಸೊನ್ನೆಯನ್ನು ಅಳಿಸಬೇಕೆಂಬುದೇ ನಮ್ಮ ಇಂದಿನ ಬಿನ್ನಹ.

ಒಂದು ಉದಾಹರಣೆಯನ್ನು ನೋಡೋಣ. ಬೆಲೆಗಳು ಲೆಕ್ಕದ ಅನುಕೂಲಕ್ಕೆ ಹಿಡಿದುಕೊಂಡವು. ಒಂದು ಕಿಲೋ ಎಣ್ಣೆಯಿಂದ ನೂರು ಗ್ರಾಮಿನ ಸುಮಾರು 12 ಸಾಬೂನು ಬರುತ್ತದೆ. ಎಣ್ಣೆ, ಕ್ಷಾರ, ಪರಿಮಳ, ಕಾಗದ, ಜಾಗದ ಬಾಡಿಗೆ ಸೇರಿ ಒಂದಕ್ಕೆ 50 ರೂಪಾಯಿ ಬಿತ್ತೆನ್ನಿ. 75ಕ್ಕೆ ಮಾರಿದರೆ ಹನ್ನೆರಡರಿಂದ ಉಳಿಯುವುದು 300 ರೂಪಾಯಿ. ‘ಪರವಾಗಿಲ್ಲ, ಲಾಭವಾಯಿತು’ ಎಂದು ಸಂತೋಷಪಡುತ್ತೇವೆ. ಈಗ ಗಡಿಯಾರ ನೋಡೋಣ. ಎರೆಯಲು 2 ಗಂಟೆ, ಕತ್ತರಿಸಿ ಅಂಚು ತೀಡಲು 1, ಕಾಗದ ಸುತ್ತಲು 1, ಮನೆಮನೆಗೆ ಮುಟ್ಟಿಸಿ ಹಣ ಪಡೆಯಲು 2. ಒಟ್ಟು 6 ಗಂಟೆ. ಗಂಟೆಗೆ 50 ರೂಪಾಯಿಯಾಯಿತು. ಅದೇ ತಾಯಿ ಒಂದೇ ಸಲ 48 ಸಾಬೂನಿಗೆ ಎರೆದರೆ ಉಳಿಯುವುದು 1200 ರೂಪಾಯಿ. ಗಂಟೆಗಳು ಮಾತ್ರ ನಾಲ್ಕು ಪಟ್ಟಾಗುವುದಿಲ್ಲ. ಪಾತ್ರೆ ಜೋಡಿಸುವುದೂ ತೊಳೆಯುವುದೂ ಒಂದೇ ಸಲವಾದ್ದರಿಂದ 12 ಗಂಟೆಯಲ್ಲಿ ಮುಗಿಯುತ್ತದೆ. ಗಂಟೆಗೆ 100 ರೂಪಾಯಿ! ಬೆಲೆಯನ್ನು ಒಂದು ಪೈಸೆಯೂ ಏರಿಸದೆ ಕೂಲಿ ಇಮ್ಮಡಿಯಾಯಿತು. ಗಂಟೆಯನ್ನು ಬರೆದಿಡದಿದ್ದರೆ ಈ ಮರ್ಮ ತಿಳಿಯುತ್ತಲೇ ಇರಲಿಲ್ಲ. ನಮ್ಮ ಮನೆಯ ಪುಸ್ತಕದಲ್ಲಿ ಗಂಟೆಗೊಂದು ಕಾಲಮ್ಮುಂಟು. ತಿಂಗಳ ಕೊನೆಗೆ ಕೂಲಿಯ ಹಣ ಉದ್ಯಮದ ಖಾತೆಯಿಂದ ಆಕೆಯ ಸ್ವಂತ ಖಾತೆಗೆ ಹೋಗುತ್ತದೆ.

ಇನ್ನು ಮಕ್ಕಳ ಮಾತು. ಸಾಬೂನೆಂದರೆ ಎಣ್ಣೆಯೂ ಕಾಸ್ಟಿಕ್ ಸೋಡಾ ಎಂಬ ಕ್ಷಾರವೂ ಸೇರಿ ಆಗುವ ವಸ್ತು. ಸರಿಯಾಗಿ ಸೇರಿದ ಮೇಲೆ ಕ್ಷಾರ ಉಳಿಯುವುದಿಲ್ಲ. ಸಾಬೂನೂ ಗ್ಲಿಸರೀನೂ ಉಳಿಯುತ್ತವೆ. ಆದರೆ ಸೇರುವುದಕ್ಕೆ ಮುಂಚೆ ಅದು ಚರ್ಮವನ್ನೂ ಕಣ್ಣನ್ನೂ ಸುಡುವ ವಸ್ತು. ನೋಡಲು ಸಾಬೂದಾನಿಯಂತೆ ಬೆಳ್ಳಗೆ, ಕರಗಿದರೆ ಕುಡಿಯುವ ನೀರಿನಂತೆ ತಿಳಿ. ಸಿಕ್ಕಿದ್ದನ್ನೆಲ್ಲ ಬಾಯಿಗಿಡುವ ಮಗು ಇರುವ ಮನೆಯಲ್ಲಿ ಇದಕ್ಕಿಂತ ಕೆಟ್ಟ ಜೋಡಿ ಬೇರೊಂದಿಲ್ಲ. ಕ್ಷಾರವನ್ನು ನೀರಿಗೆ ಹಾಕಬೇಕೇ ಹೊರತು ನೀರನ್ನು ಕ್ಷಾರಕ್ಕೆ ಸುರಿಯಬಾರದು. ಅಲ್ಯೂಮಿನಿಯಂ ಪಾತ್ರೆ ಕೂಡದು, ಸ್ಟೀಲು ಬೇಕು. ಕೈಗವಸು, ಕನ್ನಡಕ ಬೇಕು. ಅಳತೆಯಲ್ಲಿ ಅಂದಾಜು ಸಲ್ಲದು. ಒಂದು ಕಿಲೋ ಕೊಬ್ಬರಿ ಎಣ್ಣೆ ಸುಮಾರು 183 ಗ್ರಾಂ ಕ್ಷಾರವನ್ನು ಹಿಡಿಯುತ್ತದೆ. ಅದರಲ್ಲಿ ನೂರಕ್ಕೆ ಐದು ಭಾಗ ಕಡಿಮೆ ಮಾಡಿ 174 ಗ್ರಾಂ ಹಾಕುವುದು ಕ್ಷೇಮ. ಬೇರೆ ಎಣ್ಣೆಗೆ ಲೆಕ್ಕ ಬೇರೆ. ಮೈಮೇಲೆ ಸಿಡಿದರೆ ನಿಂಬೆರಸ ಹಚ್ಚುತ್ತ ಕೂಡದೆ ಹರಿಯುವ ನೀರಿನಲ್ಲಿ ಬಹಳ ಹೊತ್ತು ತೊಳೆಯಬೇಕು. ಮಗು ಬಾಯಿಗಿಟ್ಟರೆ ವಾಂತಿ ಮಾಡಿಸದೆ ಆ ಕ್ಷಣವೇ ಆಸ್ಪತ್ರೆಗೆ ಓಡಬೇಕು.

ಹಾಗಾದರೆ ಮಕ್ಕಳೊಂದಿಗರಿಗೆ ಈ ಉದ್ಯೋಗ ಬೇಡವೇ? ಇದಕ್ಕೆ ದಾರಿ ತೋರಿಸುವುದು ಮುಂಬಯಿಯ ಒಂದು ಕಥೆ. 1959ರ ಮಾರ್ಚ್ 15ರಂದು ಗಿರ್‌ಗಾಂವ್‌ನ ಒಂದು ಕಟ್ಟಡದ ಮಹಡಿಯ ಮೇಲೆ ಏಳು ಮಂದಿ ಗೃಹಿಣಿಯರು 80 ರೂಪಾಯಿ ಸಾಲ ತಂದು ಹಪ್ಪಳ ಮಾಡತೊಡಗಿದರು. ಅದೇ ಇಂದಿನ ಲಿಜ್ಜತ್ ಸಂಸ್ಥೆ. ಅವರ ಕ್ರಮವನ್ನು ಗಮನಿಸಿ: ಹಿಟ್ಟು ಕಲಸುವುದು ಒಂದು ಕಡೆ, ಲಟ್ಟಿಸುವುದು ಅವರವರ ಮನೆಯಲ್ಲಿ. ಸಾಬೂನಿನ ಕೆಲಸವನ್ನೂ ಹೀಗೆಯೇ ಎರಡಾಗಿ ಸೀಳಬಹುದು. ಕ್ಷಾರದ ಕೆಲಸ ಮನೆಯ ಹೊರಗೆ. ಕಾಗದ ಸುತ್ತುವುದು, ಚೀಟಿ ಅಂಟಿಸುವುದು, ಲೆಕ್ಕ ಬರೆಯುವುದು ಮನೆಯಲ್ಲಿ. ನಮ್ಮ ಮನೆಯಾಕೆ ತಿಂಗಳಿಗೆ ಎರಡು ಶನಿವಾರ ಮಾತ್ರ ಬೇರೊಬ್ಬರ ಕಾರ್ಖಾನೆಯಲ್ಲಿ ಎರೆದು ಬರುತ್ತಾರೆ. ಕ್ಷಾರದ ಒಂದು ಕಾಳೂ ನಮ್ಮ ಹೊಸಿಲು ದಾಟುವುದಿಲ್ಲ. ಕಾಗದ ಸುತ್ತುವಾಗ ಮಗಳು ಎಣಿಸುತ್ತಾಳೆ. ಹೀಗೆ ಅವಳಿಗೆ ಕನ್ನಡದ ಅಂಕಿಗಳು ನೂರರವರೆಗೆ ಬಂದಿವೆ. ಮಗ ಎಣಿಸಿದ್ದನ್ನು ಕೆಡಹುತ್ತಾನೆ.

ಕಾನೂನಿನ ದೃಷ್ಟಿಯಿಂದಲೂ ಇದೇ ಸರಿ. 1940ರ ಔಷಧ ಮತ್ತು ಸೌಂದರ್ಯವರ್ಧಕಗಳ ಕಾಯಿದೆ, 2020ರ ಸೌಂದರ್ಯವರ್ಧಕಗಳ ನಿಯಮಾವಳಿ ಇವುಗಳ ಪ್ರಕಾರ ಮೈಸಾಬೂನು ಮಾಡಿ ಮಾರಲು ರಾಜ್ಯದ ಅಧಿಕಾರಿಗಳ ಪರವಾನಗಿ ಬೇಕು. ಅಡಿಗೆಮನೆಯಲ್ಲಿ ಮಾಡಿ ನೆಂಟರಿಗೆ ಕೊಡುವುದು ಬೇರೆ, ಚೀಟಿ ಅಂಟಿಸಿ ಮಾರುವುದು ಬೇರೆ. ಸ್ವಂತ ಕಟ್ಟಡವಿಲ್ಲದವರು ಪರವಾನಗಿಯುಳ್ಳ ಇನ್ನೊಬ್ಬರ ಕಾರ್ಖಾನೆಯಲ್ಲಿ ಮಾಡಿಕೊಳ್ಳಲು ‘ಲೋನ್ ಲೈಸೆನ್ಸ್’ ಎಂಬುದುಂಟು. ಹೆಸರಿನಲ್ಲಿ ಸಾಲವಿದ್ದರೂ ಬ್ಯಾಂಕಿಗೂ ಇದಕ್ಕೂ ಸಂಬಂಧವಿಲ್ಲ. ಇದನ್ನು ಕೇಳಿಕೊಂಡು ನಮ್ಮ ಕೌಂಟರಿಗೆ ಬಂದವರೂ ಇದ್ದಾರೆ!

ಈ ಉದ್ಯೋಗದಲ್ಲಿ ತಾಯಂದಿರಿಗೆ ಅನುಕೂಲವಾದ ಗುಣವೊಂದಿದೆ. ದೋಸೆಹಿಟ್ಟು ಮಾರುವವರಿಗೆ ಮಗುವಿಗೆ ಜ್ವರ ಬಂದ ದಿನ ಹಿಟ್ಟು ಹುಳಿಯಾಗುತ್ತದೆ. ಸಾಬೂನು ಹಾಗಲ್ಲ. ಎರೆದ ಮೇಲೆ ನಾಲ್ಕರಿಂದ ಆರು ವಾರ ಅದು ಹಲಗೆಯ ಮೇಲೆ ಒಣಗಬೇಕು. ಇನ್ನೊಂದು ವಾರ ತಡವಾದರೆ ಇನ್ನಷ್ಟು ಗಟ್ಟಿಯಾಗುತ್ತದೆ. ಎಳೆಯ ಮಕ್ಕಳಿರುವ ಮನೆಗೆ ಕಾಯಬಲ್ಲ ಸರಕೇ ಒಳ್ಳೆಯ ಸರಕು. ಆದರೆ ಈ ಗುಣ ಫಲಿಸುವುದು ಒಣಗಿರುವುದನ್ನು ಮಾತ್ರ ಮಾರುವವರಿಗೆ. ‘ಹದಿನೈದು ದಿನದಲ್ಲಿ ಮಾಡಿಕೊಡುತ್ತೇವೆ’ ಎಂದು ಮಾತು ಕೊಡುವವರಿಗಲ್ಲ. ದೀಪಾವಳಿಯ ಎಣ್ಣೆಸ್ನಾನಕ್ಕೆ ಬೇಕಾದ್ದನ್ನು ಗಣೇಶನ ಹಬ್ಬ ಮುಗಿದೊಡನೆ ಎರೆಯಬೇಕು. 1938ರಲ್ಲಿ ಆರಂಭವಾಗಿ ಜನವರಿಯಲ್ಲಿ ನಾಂಪಲ್ಲಿಯಲ್ಲಿ ನೆರೆಯುವ ನಮ್ಮ ಹೈದರಾಬಾದಿನ ನುಮಾಯಿಷ್‌ಗೆ ಬೇಕಾದ್ದನ್ನು ರಾಜ್ಯೋತ್ಸವದ ಹೊತ್ತಿಗೆ ಎರೆಯಬೇಕು.

ಕಾಯುವ ಸರಕಿಗೆ ಕಾಯುವ ಬಂಡವಾಳವೂ ಬೇಕು. ಎಣ್ಣೆಯವನಿಗೆ ಇಂದು ಕೊಟ್ಟ ಹಣ ಎರಡು ತಿಂಗಳ ಮೇಲೆ ಕೈಗೆ ಬರುತ್ತದೆ. ಇದರ ಮೇಲೆ ಉದ್ದರಿ ಸೇರಿದರೆ ಮುಗಿಯಿತು. ಪಟ್ಟಣದ ಅಂಗಡಿಯೊಂದು ನಮ್ಮ ಮನೆಯ 60 ಸಾಬೂನನ್ನು ಮಾರಿದ ಮೇಲೆ ಕೊಡುವ ಮಾತಿನ ಮೇಲೆ ಇಟ್ಟುಕೊಂಡು, ಬಿಸಿಲು ಬೀಳುವ ಗಾಜಿನ ಪೆಟ್ಟಿಗೆಯಲ್ಲಿ ನಾಲ್ಕು ತಿಂಗಳು ಕೂರಿಸಿ, ಪರಿಮಳ ಹಾರಿಹೋದ ಮೇಲೆ 41ನ್ನು ಹಿಂದಕ್ಕೆ ಕಳುಹಿಸಿತು. ಅಂದಿನಿಂದ ಅರ್ಧ ಹಣ ಮುಂಗಡವಾಗಿ ಕೊಟ್ಟವರಿಗೆ ಮಾತ್ರ ಸರಕು. ಸಾಲ ಬೇಕಾದವರಿಗೆ 2015ರಲ್ಲಿ ಬಂದ ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50,000 ರೂಪಾಯಿವರೆಗೆ ಅಡಮಾನವಿಲ್ಲದೆ ಸಾಲ ಸಿಗುತ್ತದೆ.

ಸಾಲದ ಮಾತು ಬಂದಾಗ ಅನಿತಾ ರಾಡಿಕ್ ಎಂಬಾಕೆಯನ್ನು ನೆನೆಯಬೇಕು. 1976ರಲ್ಲಿ ಇಂಗ್ಲೆಂಡಿನ ಬ್ರೈಟನ್ ಊರಿನಲ್ಲಿ ಬಾಡಿ ಶಾಪ್ ಎಂಬ ಅಂಗಡಿ ತೆರೆದ ಈಕೆ ಇಬ್ಬರು ಪುಟ್ಟ ಹೆಣ್ಣುಮಕ್ಕಳ ತಾಯಿ. ಮೊದಲು ಮಕ್ಕಳನ್ನು ಕರೆದುಕೊಂಡು ಸಾಧಾರಣ ಉಡುಪಿನಲ್ಲಿ ಬ್ಯಾಂಕಿಗೆ ಹೋದಾಗ ಸಾಲ ಸಿಗಲಿಲ್ಲ. ಗಂಡನೊಡನೆ ಸೂಟು ತೊಟ್ಟು ಮತ್ತೆ ಹೋದಾಗ ಅದೇ ಯೋಜನೆಗೆ 4,000 ಪೌಂಡು ಸಿಕ್ಕಿತು. ಆಕೆಯೇ ಹೇಳಿಕೊಂಡಿರುವ ಸಂಗತಿಯಿದು. ಆ ಅಂಗಡಿ ಮುಂದೆ ಲೋಕವ್ಯಾಪಿಯಾಯಿತು. ಬ್ಯಾಂಕಿನವರಾದ ನಾವು ಇದರಿಂದ ಕಲಿಯಬೇಕಾದ್ದು ಉಂಟು. ಕಂಕುಳಲ್ಲಿ ಮಗುವಿದ್ದರೆ ಕಾಗದದಲ್ಲಿರುವ ಲೆಕ್ಕ ಹಗುರವಾಗುವುದಿಲ್ಲ.

ಕೊನೆಯದಾಗಿ, ನಮ್ಮಂಥ ವಲಸೆಯ ಕುಟುಂಬಗಳ ಕೊರತೆಯೊಂದನ್ನು ಹೇಳಲೇಬೇಕು. 1956ರವರೆಗೆ ಬೀದರ, ಕಲಬುರಗಿ, ರಾಯಚೂರುಗಳಿಗೆ ಈ ಹೈದರಾಬಾದೇ ರಾಜಧಾನಿ. ಆಗಿನಿಂದ ಇಲ್ಲಿ ಬೇರೂರಿದವರ ಮನೆಗಳಲ್ಲಿ ಅಜ್ಜಿಯರಿದ್ದಾರೆ. ಈಚೆಗೆ ಕೆಲಸಕ್ಕಾಗಿಯೋ ವರ್ಗವಾಗಿಯೋ ಬಂದ ನಮ್ಮ ಮನೆಗಳಲ್ಲಿ ಅಜ್ಜಿ ಇಲ್ಲ, ಅತ್ತೆ ಇಲ್ಲ, ಪಕ್ಕದ ಮನೆಯ ಚಿಕ್ಕಮ್ಮನೂ ಇಲ್ಲ. ಸರಕಾರದ 2024ರ ಸಮಯ ಬಳಕೆಯ ಸಮೀಕ್ಷೆಯಂತೆ, ಕೂಲಿಯಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. ಶಿಶುಪಾಲನೆಯಂಥ ಆರೈಕೆಯ ಕಾಲ ಇದಕ್ಕೆ ಸೇರಿಲ್ಲ. ಹೀಗಿರುವಾಗ ಉದ್ಯೋಗಕ್ಕೆ ಗಂಟೆ ಹುಟ್ಟುವುದೆಲ್ಲಿ? ನಿದ್ದೆಯಿಂದ ಕದಿಯಬೇಕು. ನಮ್ಮ ಪುಸ್ತಕದ ಮೊದಲ ವರ್ಷದ ಪುಟಗಳಲ್ಲಿ ‘ರಾತ್ರಿ 11ರಿಂದ 1’ ಎಂಬ ದಾಖಲೆ ಸಾಲುಸಾಲಾಗಿದೆ. ಅಲ್ಲಿ ಬರೆದಿರುವುದು ಹಣದ ಲಾಭವಾದರೂ ಓದುವಾಗ ನಷ್ಟವೇ ಕಾಣುತ್ತದೆ. ಈಗ ಶನಿವಾರಗಳಂದು ಮಕ್ಕಳ ಊಟ, ಸ್ನಾನ, ಆಟ ನಮ್ಮ ಪಾಲು. ಆ ದಿನಗಳ ಗಂಟೆಯನ್ನೂ ಪುಸ್ತಕದಲ್ಲಿ ಬರೆಯಬೇಕೆಂದು ನಾವು ಸೂಚಿಸಿದಾಗ, ‘ತಂದೆಗೆ ಕೂಲಿಯಿಲ್ಲ’ ಎಂಬ ಉತ್ತರ ಬಂತು. ಒಪ್ಪಿಕೊಂಡೆವು.

ಆದರೆ ಶನಿವಾರವೂ ಕೆಲಸಕ್ಕೆ ಹೋಗುವ ತಂದೆಯರಿದ್ದಾರೆ, ಒಂಟಿಯಾಗಿ ಸಂಸಾರ ನಡೆಸುವ ತಾಯಂದಿರಿದ್ದಾರೆ. ಅವರಿಗಾಗಿ ಸಂಘದ ಮುಂದೆ ಒಂದು ಸಲಹೆ ಇಡುತ್ತೇವೆ. ನಮ್ಮ ಸಂಘದ ಕೊಠಡಿ ವಾರದಲ್ಲಿ ಐದು ದಿನ ಬೀಗ ಹಾಕಿಕೊಂಡೇ ಇರುತ್ತದೆ. ಬುಧವಾರ, ಶನಿವಾರ ಮಧ್ಯಾಹ್ನ ಎರಡರಿಂದ ಆರರವರೆಗೆ ಅದನ್ನು ತೆರೆಯೋಣ. ಬೇರೂರಿದ ಮನೆಗಳ ಅಜ್ಜಿಯರಿಬ್ಬರು ಸರದಿಯಂತೆ ಬಂದು ಕುಳಿತರೆ, ಜೊತೆಗೆ ಒಬ್ಬ ತಾಯಿಯೋ ತಂದೆಯೋ ಇದ್ದರೆ, ಹತ್ತು ಹನ್ನೆರಡು ಮಕ್ಕಳನ್ನು ನೋಡಿಕೊಳ್ಳಬಹುದು. ಮಕ್ಕಳಿಗೆ ಕನ್ನಡದ ಕಥೆ, ಲೆಕ್ಕ, ಒಗಟು. ತಾಯಂದಿರಿಗೆ ವಾರಕ್ಕೆ ಎಂಟು ಗಂಟೆ. ಸಾಬೂನೇ ಆಗಬೇಕೆಂದಿಲ್ಲ, ಹೊಲಿಗೆಯಾಗಲಿ, ಪರೀಕ್ಷೆಗೆ ಓದುವುದಾಗಲಿ, ಸುಮ್ಮನೆ ಮಲಗುವುದೇ ಆಗಲಿ. ಅಜ್ಜಿಯರ ಪ್ರಯಾಣದ ಖರ್ಚನ್ನೂ ಒಂದಿಷ್ಟು ಗೌರವಧನವನ್ನೂ ಸಂಘದ ಆಯವ್ಯಯದಲ್ಲಿ ಸೇರಿಸಬೇಕು. ಅವರ ಗಂಟೆಗೂ ಸೊನ್ನೆ ಹಾಕಬಾರದು.

ಖರ್ಚಿನ ಅಂದಾಜುಪಟ್ಟಿಯನ್ನು ಬರೆದು ತಂದಿದ್ದೇವೆ. ಸಭೆ ಮುಗಿದ ಮೇಲೆ ಕಾರ್ಯದರ್ಶಿಗಳಿಗೆ ಒಪ್ಪಿಸುತ್ತೇವೆ. ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಅದನ್ನು ಓದಿ ತೀರ್ಮಾನಿಸಬೇಕೆಂದು ಕೇಳಿಕೊಳ್ಳುತ್ತೇವೆ.