ಚೆಂಡು ಆಟಗಾರರದು, ನೆಲ ಯಾರದು?

(ಗಿರಣಿ ಕಾರ್ಮಿಕರ ಹಾಗೂ ಸಣ್ಣ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)

ಪಾಳಿ ಮುಗಿಸಿ, ಅಂಗಡಿಯ ಬಾಗಿಲು ಹಾಕಿ ಇಲ್ಲಿಗೆ ಬಂದಿದ್ದೀರಿ. ಇಂಥ ಹೊತ್ತಿನಲ್ಲಿ ಇಂಗ್ಲೆಂಡಿನ ಕಾಲ್ಚೆಂಡಿನ ಮಾತು ನಮಗೇಕೆ ಎಂದು ನೀವು ಕೇಳಿದರೆ ತಪ್ಪಿಲ್ಲ. ಆದರೆ ನಾವು ಆಡಬೇಕೆಂದಿರುವುದು ಆಟದ ಮಾತಲ್ಲ, ಆಟ ನಡೆಯುವ ನೆಲದ ಮಾತು. ಯಾವ ತಂಡ ಗೆದ್ದಿತು ಎಂಬುದು ದಪ್ಪಕ್ಷರದಲ್ಲಿ ಅಚ್ಚಾಗುತ್ತದೆ. ಮೈದಾನದ ಸುತ್ತಲಿನ ಎಕರೆಗಳು ಯಾರ ಕೈ ಸೇರಿದವು, ಎಷ್ಟಕ್ಕೆ ಸೇರಿದವು ಎಂಬುದು ಒಳಪುಟದ ಮೂಲೆಯಲ್ಲಿ ಬಂದರೆ ಹೆಚ್ಚು. ದೊಡ್ಡ ಗಂಟು ಇರುವುದು ಆ ಮೂಲೆಯಲ್ಲಿಯೇ.

ಮ್ಯಾಂಚೆಸ್ಟರ್ ಎಂಬ ಹೆಸರು ನಮಗೆ ಪರಕೀಯವಲ್ಲ. ನಮ್ಮ ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಹೆಮ್ಮೆಯಿಂದ ಕರೆದ ಕಾಲವೊಂದಿತ್ತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ಬರುವುದು ನಿಂತಾಗ, ಮ್ಯಾಂಚೆಸ್ಟರಿನ ಗಿರಣಿ ಮಾಲೀಕರ ಕಣ್ಣು ಬಿದ್ದದ್ದು ಧಾರವಾಡ ಸೀಮೆಯ ಹತ್ತಿಯ ಮೇಲೆ. ಅದು ಬಂಡಿಗಳಲ್ಲಿ ಘಟ್ಟ ಇಳಿದು ಕುಮಟಾ ಬಂದರು ಸೇರುತ್ತಿತ್ತು. ನಮ್ಮ ರೈತ ಬೆಳೆದ ಹತ್ತಿಯನ್ನು ನೂತ ಆ ಊರಿನ ಕೂಲಿಗಾರನ ಕೇರಿಗೆ ಮುಂದೆ ಏನಾಯಿತು ಎಂಬುದೇ ಇಂದಿನ ಕಥೆ.

ಮ್ಯಾಂಚೆಸ್ಟರಿನಲ್ಲಿ ಆಂಕೋಟ್ಸ್ ಎಂಬ ಕೇರಿಯುಂಟು. 1798ರಲ್ಲಿ ಕಟ್ಟಲು ತೊಡಗಿದ ಮರ್ರೆ ನೂಲಿನ ಗಿರಣಿ ಅಲ್ಲಿಯದೇ. ಅದರಿಂದ ಪೂರ್ವಕ್ಕೆ ನಡೆದರೆ ಬ್ರಾಡ್‌ಫರ್ಡ್ ಎಂಬ ಕಲ್ಲಿದ್ದಲು ಗಣಿ, ಅದರಾಚೆ ಬಟ್ಟೆಗೆ ಬಣ್ಣ ತಯಾರಿಸುವ ಕ್ಲೇಟನ್ ಅನಿಲೀನ್ ಕಾರ್ಖಾನೆ. ಅಲ್ಲೇ ಸಮೀಪದ ಗಾರ್ಟನ್ ಎಂಬ ಬಡ ಕಾರ್ಮಿಕರ ಬಡಾವಣೆಯಲ್ಲಿ ಚರ್ಚಿನ ಜನ 1880ರಲ್ಲಿ ಒಂದು ಕಾಲ್ಚೆಂಡಿನ ತಂಡ ಕಟ್ಟಿದರು. 1894ರಲ್ಲಿ ಮ್ಯಾಂಚೆಸ್ಟರ್ ಸಿಟಿ ಎಂಬ ಹೆಸರು ಪಡೆದ ತಂಡ ಅದೇ. ಗಿರಣಿಗಳು ಒಂದೊಂದಾಗಿ ನಿಂತವು. ಗಣಿ 1968ರಲ್ಲಿ ಮುಚ್ಚಿತು. ಬಣ್ಣದ ಕಾರ್ಖಾನೆ 2007ರಲ್ಲಿ ಮುಚ್ಚಿತು. ಕೆಲಸ ಹೋಯಿತು, ಜನರಲ್ಲಿ ಅನೇಕರು ಊರು ಬಿಟ್ಟರು, ನೆಲ ಬರಿದಾಗಿ ಬಿದ್ದಿತು.

ಆ ಗಣಿಯ ನೆಲದ ಮೇಲೆ 2002ರ ಕಾಮನ್‌ವೆಲ್ತ್ ಕ್ರೀಡೆಗಳಿಗಾಗಿ ಒಂದು ಕ್ರೀಡಾಂಗಣ ಎದ್ದಿತು. ಖರ್ಚು ಸುಮಾರು 11 ಕೋಟಿ ಪೌಂಡು. ಆ ಹಣ ಬಂದದ್ದು ಲಾಟರಿ ನಿಧಿಯಿಂದ ಮತ್ತು ನಗರಸಭೆಯಿಂದ. ಎಂದರೆ ಅದು ಸಾರ್ವಜನಿಕರ ಹಣ. 2003ರಲ್ಲಿ ಸಿಟಿ ಕ್ಲಬ್ಬು ಅದರೊಳಕ್ಕೆ ಬಾಡಿಗೆದಾರನಾಗಿ ಬಂದಿತು. ಕಟ್ಟಡದ ಒಡೆತನ ನಗರಸಭೆಯ ಬಳಿಯೇ ಉಳಿಯಿತು. ಇಲ್ಲಿಯತನಕ ನಮ್ಮದೇನೂ ತಕರಾರಿಲ್ಲ.

2008ರಲ್ಲಿ ಅಬುಧಾಬಿಯ ರಾಜಮನೆತನದ ಶೇಖ್ ಮನ್ಸೂರರ ಕಂಪನಿ ಕ್ಲಬ್ಬನ್ನು ಕೊಂಡಿತು. ಒಳ್ಳೆಯ ಆಟಗಾರರು ಬಂದರು, ಪ್ರಶಸ್ತಿಗಳು ಬಂದವು, ಜನ ಕುಣಿದರು. ಕುಣಿದದ್ದನ್ನು ನಾವು ಆಕ್ಷೇಪಿಸುವುದಿಲ್ಲ. ಹಳೆಯ ಬಣ್ಣದ ಕಾರ್ಖಾನೆಯ ಜಾಗದಲ್ಲಿ 2014ರಲ್ಲಿ 80 ಎಕರೆಯ ತರಬೇತಿ ಮೈದಾನ ತೆರೆಯಿತು. ಅದೇ ವರ್ಷ ಆ ಕಂಪನಿಯೂ ನಗರಸಭೆಯೂ ಕೂಡಿ ‘ಮ್ಯಾಂಚೆಸ್ಟರ್ ಲೈಫ್’ ಎಂಬ ಪಾಲುದಾರಿಕೆ ಆರಂಭಿಸಿದವು. 100 ಕೋಟಿ ಪೌಂಡಿನ ಯೋಜನೆ, ಹತ್ತು ವರ್ಷಗಳಲ್ಲಿ 6,000 ಮನೆಗಳು ಎಂದು ಸಾರಲಾಯಿತು. ಆಂಕೋಟ್ಸಿನ ಸುತ್ತಮುತ್ತ ನಗರಸಭೆಯ ನಿವೇಶನಗಳು ದೀರ್ಘ ಗುತ್ತಿಗೆಯ ಮೇಲೆ ಕೈ ಬದಲಿಸಿದವು. ಆ ಗುತ್ತಿಗೆಗಳಲ್ಲಿ 999 ವರ್ಷದವೂ ಇದ್ದವು. 999 ವರ್ಷ! ಅದಕ್ಕೆ ಗುತ್ತಿಗೆ ಎನ್ನಬೇಕೋ, ದಾನ ಎನ್ನಬೇಕೋ ನೀವೇ ಹೇಳಿ. ನೂರಾರು ಜನ ನೂಲು ತೆಗೆದ ಅದೇ ಮರ್ರೆ ಗಿರಣಿ ಈಗ ಅಂದವಾದ ವಸತಿಗೃಹಗಳಾಗಿದೆ.

2022ರಲ್ಲಿ ಶೆಫೀಲ್ಡ್ ವಿಶ್ವವಿದ್ಯಾನಿಲಯದ ಪಂಡಿತರು ಈ ವ್ಯವಹಾರವನ್ನು ಪರಿಶೀಲಿಸಿ ಒಂದು ವರದಿ ಹೊರತಂದರು. ಸಾರ್ವಜನಿಕ ನೆಲವನ್ನು ಅದರ ಬೆಲೆಗಿಂತ ಕಡಿಮೆಗೆ ಕೊಡಲಾಗಿದೆ, ಬಾಡಿಗೆಯ ಹಣ ತೆರಿಗೆ ಹಗುರವಾದ ಜರ್ಸಿ ದ್ವೀಪದಲ್ಲಿ ನೋಂದಾಯಿಸಿದ ಕಂಪನಿಗಳಿಗೆ ಹೋಗುತ್ತಿದೆ ಎಂದು ಅವರು ಬರೆದರು. ನಗರಸಭೆ ಅದನ್ನು ಒಪ್ಪಲಿಲ್ಲ. ಪಾಳುಬಿದ್ದ ಕೇರಿಗೆ ಬೇರೆ ಯಾರೂ ಹಣ ಹಾಕಲು ಮುಂದೆ ಬಾರದ ಕಾಲದಲ್ಲಿ ತಕ್ಕ ಬೆಲೆಯನ್ನೇ ಪಡೆದೆವು ಎಂದಿತು.

ನಗರಸಭೆಯ ಮಾತನ್ನು ನಾವು ತಳ್ಳಿಹಾಕುವುದಿಲ್ಲ. ಗಣಿ ಮುಚ್ಚಿದ ಬಯಲು ಹಾಗೆಯೇ ಬಿದ್ದಿರಲಿ ಎಂದು ಯಾವ ಕೂಲಿಗಾರನೂ ಬಯಸಲಾರ. ಮನೆ ಬೇಕು, ಕೆಲಸ ಬೇಕು. ನಮ್ಮ ಪ್ರಶ್ನೆ ಬೇರೆ. ನಿನ್ನೆ ಯಾರಿಗೂ ಬೇಡವಾಗಿದ್ದ ನೆಲಕ್ಕೆ ಇಂದು ಬೆಲೆ ಬಂದದ್ದು ಹೇಗೆ? ಕ್ರೀಡಾಂಗಣ ಕಟ್ಟಿದ್ದು ಜನರ ಹಣ. ರಸ್ತೆ, ನೀರು, ದೀಪ, 2013ರಲ್ಲಿ ಅಲ್ಲಿಗೆ ಬಂದ ಟ್ರಾಮ್ ದಾರಿ, ಎಲ್ಲವೂ ಜನರ ಹಣ. ಮಳೆ ಚಳಿಯೆನ್ನದೆ ತಲೆಮಾರುಗಳಿಂದ ಟಿಕೆಟ್ ಕೊಂಡು ಬಂದವರು ಜನ. ಬೆಲೆ ಹುಟ್ಟಿಸಿದವರು ಸಾವಿರಾರು ಮಂದಿ, ಏರಿದ ಬೆಲೆಯನ್ನು ಬಾಚಿಕೊಳ್ಳುವವನು ಗುತ್ತಿಗೆ ಪತ್ರ ಹಿಡಿದವನು. ಪಂದ್ಯದ ಗಳಿಕೆ 90 ನಿಮಿಷದ್ದು, ನೆಲದ ಗಳಿಕೆ ವರ್ಷವಿಡೀ.

ಇನ್ನು ನಮ್ಮ ವರ್ತಕ ಮಿತ್ರರಿಗೆ ಒಂದು ಮಾತು. ಇದು ಕೂಲಿಗಾರನ ಗೋಳು, ನಮಗೇನು ಎಂದು ನೀವು ತಿಳಿದರೆ ಲಂಡನ್ನಿನ ಟಾಟನ್‌ಹ್ಯಾಮಿನ ಕಡೆ ನೋಡಬೇಕು. ಅಲ್ಲಿನ ಕ್ಲಬ್ಬು ತನ್ನ ಹಳೆಯ ಮೈದಾನದ ಪಕ್ಕದಲ್ಲೇ ಹೊಸ ಕ್ರೀಡಾಂಗಣ ಕಟ್ಟಲು ಸುತ್ತಲಿನ ಅಂಗಡಿ ಕಾರ್ಖಾನೆಗಳ ಜಾಗವನ್ನು ಒಂದೊಂದಾಗಿ ಕೊಂಡಿತು. ತಗಡು ಕೆಲಸದ ಒಂದು ಕುಟುಂಬ ಮಾತ್ರ ಒಪ್ಪಲಿಲ್ಲ. ಆಗ ಸಾರ್ವಜನಿಕ ಉದ್ದೇಶದ ಹೆಸರಿನಲ್ಲಿ ಕಡ್ಡಾಯ ಸ್ವಾಧೀನದ ಆಜ್ಞೆಯಾಯಿತು. ಕುಟುಂಬ ಹೈಕೋರ್ಟಿಗೆ ಹೋಯಿತು. 2015ರಲ್ಲಿ ಸೋತು ಜಾಗ ಬಿಟ್ಟಿತು. ಆ ಯೋಜನೆಯಲ್ಲಿ ಕಡಿಮೆ ಬೆಲೆಯ ಮನೆಗಳನ್ನೂ ಕಟ್ಟಬೇಕೆಂಬ ಷರತ್ತು ಮೊದಲು ಇತ್ತು. 2012ರಲ್ಲಿ ಸ್ಥಳೀಯ ಆಡಳಿತ ಅದನ್ನು ಸಡಿಲಿಸಿ ಕೈಬಿಟ್ಟಿತು. ಸಣ್ಣ ವರ್ತಕನ ಮೇಲೆ ಕಾನೂನು ಗಟ್ಟಿಯಾಗಿ ನಿಂತಿತು, ದೊಡ್ಡ ಕ್ಲಬ್ಬಿನ ಮುಂದೆ ಮೆತ್ತಗಾಯಿತು. 2019ರಲ್ಲಿ 62 ಸಾವಿರಕ್ಕೂ ಹೆಚ್ಚು ಜನ ಕೂಡುವ ಕ್ರೀಡಾಂಗಣ ತೆರೆಯಿತು. ಅದು ಭವ್ಯವಾಗಿದೆ, ನಿಜ. ಆದರೆ ಊಟ, ಪಾನೀಯ, ಅಂಗಡಿ ಎಲ್ಲವೂ ಗೋಡೆಯ ಒಳಗೇ ಸಿಕ್ಕರೆ ಗೋಡೆಯ ಹೊರಗಿನ ಬೀದಿಯವನ ಗಲ್ಲಾಪೆಟ್ಟಿಗೆಗೆ ಏನು ಬೀಳುತ್ತದೆ? ಮ್ಯಾಂಚೆಸ್ಟರಿನಲ್ಲಿಯೂ ಕ್ರೀಡಾಂಗಣಕ್ಕೆ ಅಂಟಿಕೊಂಡು 400 ಕೋಣೆಗಳ ಹೋಟೆಲು ಕಟ್ಟಲು 2023ರಲ್ಲಿ ಒಪ್ಪಿಗೆ ದೊರೆಯಿತು. ಅಲ್ಲಿಗೆ ಪಕ್ಕದಲ್ಲೇ ಕ್ಲಬ್ಬಿನ ಒಡೆಯರು ಪಾಲುದಾರರಾಗಿರುವ ಬೃಹತ್ ಸಂಗೀತ ಸಭಾಂಗಣ 2024ರಲ್ಲಿ ತೆರೆಯಿತು.

ಹಾಗಾದರೆ ಜನ ಕೈಕಟ್ಟಿ ಕುಳಿತುಕೊಳ್ಳಬೇಕೇ? ಇಲ್ಲ. ಅದೇ ಲಂಡನ್ನಿನ ಚೆಲ್ಸಿಯಾ ಕ್ಲಬ್ಬಿನ ಕಥೆ ಕೇಳಿ. 1980ರ ದಶಕದಲ್ಲಿ ಅದರ ಮೈದಾನ ಮಾರ್ಲರ್ ಎಸ್ಟೇಟ್ಸ್ ಎಂಬ ಭೂವ್ಯವಹಾರದ ಕಂಪನಿಯ ಕೈಗೆ ಹೋಗಿತ್ತು. ಪಕ್ಕದ ಫುಲಹ್ಯಾಮ್ ಕ್ಲಬ್ಬಿನ ನದಿತೀರದ ಮೈದಾನವೂ ಅದರದೇ ಆಗಿತ್ತು. 1987ರಲ್ಲಿ ಫುಲಹ್ಯಾಮನ್ನು ಇನ್ನೊಂದು ಕ್ಲಬ್ಬಿನೊಡನೆ ಕೂಡಿಸಿ, ತೆರವಾದ ನೆಲದಲ್ಲಿ ಮನೆಗಳನ್ನು ಕಟ್ಟುವ ಹವಣಿಕೆ ನಡೆಯಿತು. ಅಭಿಮಾನಿಗಳು ಮೈದಾನಕ್ಕಿಳಿದು ಪ್ರತಿಭಟಿಸಿದರು, ಹವಣಿಕೆ ಮುರಿಯಿತು. ಮುಂದೆ ಭೂಮಿಯ ಬೆಲೆ ಕುಸಿದು, ಮಾರ್ಲರನ್ನು ನುಂಗಿದ್ದ ಕಂಪನಿಯೇ 1992ರಲ್ಲಿ ದಿವಾಳಿಯಾಯಿತು.

ಆ ಪಾಠದಿಂದ 1993ರಲ್ಲಿ ಚೆಲ್ಸಿಯಾ ಪಿಚ್ ಓನರ್ಸ್ ಎಂಬ ಸಂಸ್ಥೆ ಹುಟ್ಟಿತು. 100 ಪೌಂಡಿನ ಒಂದು ಷೇರು. ಎಷ್ಟೇ ಷೇರು ಕೊಂಡರೂ ಒಬ್ಬನಿಗೆ 100ಕ್ಕಿಂತ ಹೆಚ್ಚು ಮತವಿಲ್ಲ. 1997ರಲ್ಲಿ ಕ್ಲಬ್ಬಿನಿಂದಲೇ ಸಾಲ ಪಡೆದು ಈ ಸಂಸ್ಥೆ ಮೈದಾನದ ನೆಲವನ್ನೂ ‘ಚೆಲ್ಸಿಯಾ’ ಎಂಬ ಕ್ಲಬ್ಬಿನ ಹೆಸರನ್ನೂ ತನ್ನ ಸ್ವಾಧೀನಕ್ಕೆ ತೆಗೆದುಕೊಂಡಿತು. 2011ರ ಅಕ್ಟೋಬರಿನಲ್ಲಿ ಅಂದಿನ ಒಡೆಯ, ರಷ್ಯದ ಕೋಟ್ಯಧೀಶ ಅಬ್ರಮೋವಿಚ್, ಅದನ್ನು ಹಿಂದಕ್ಕೆ ಕೊಳ್ಳಲು ಬಯಸಿದ. ಬೇಕಾಗಿದ್ದುದು ನೂರಕ್ಕೆ 75 ಮತ, ಸಿಕ್ಕಿದ್ದು 61.6. ಜಗತ್ತಿನ ಬೇಕಾದ ಆಟಗಾರನನ್ನು ಕೊಳ್ಳಬಲ್ಲವನಿಗೆ ತನ್ನ ತಂಡದ ಕಾಲ ಕೆಳಗಿನ ನೆಲವನ್ನು ಕೊಳ್ಳಲಾಗಲಿಲ್ಲ! 2022ರಲ್ಲಿ ಅವನು ಕ್ಲಬ್ಬನ್ನು ಮಾರಿ ಹೋದ. ನೆಲ ಹೋಗಲಿಲ್ಲ.

ಮಿತ್ರರೇ, ನಿಂತ ಗಿರಣಿಯ ನೆಲ ನಮ್ಮ ಊರುಗಳಲ್ಲೂ ಉಂಟು. ಊರ ನಡುವಿನ ಆಟದ ಬಯಲೂ ಉಂಟು. ನಾಳೆ ಯಾರಾದರೂ ನಕ್ಷೆಯ ಸುರುಳಿ ಹಿಡಿದು ಬಂದು, ನಿಮ್ಮ ಮಕ್ಕಳಿಗೆ ಚೆಂದದ ಕ್ರೀಡಾಂಗಣ ಕಟ್ಟಿಕೊಡುತ್ತೇವೆ ಎಂದರೆ ಚಪ್ಪಾಳೆ ತಟ್ಟುವ ಮೊದಲು ನಾವು ನಾಲ್ಕು ಮಾತು ಕೇಳೋಣ. ಸುತ್ತಲಿನ ನೆಲ ಯಾರ ಹೆಸರಿಗೆ, ಎಷ್ಟು ವರ್ಷಕ್ಕೆ? ಬೆಲೆ ಕಟ್ಟಿದವರು ಯಾರು, ಲೆಕ್ಕವನ್ನು ಸಭೆಯಲ್ಲಿ ಓದುತ್ತೀರೋ ಇಲ್ಲವೋ? ಕಟ್ಟುವ ಮನೆಗಳಲ್ಲಿ ಕೂಲಿಗಾರನಿಗೆ ಎಟುಕುವಂಥವು ಎಷ್ಟು? ಬೀದಿಯ ಅಂಗಡಿಯವನು ಎಲ್ಲಿ ನಿಲ್ಲಬೇಕು?

ಈ ನಾಲ್ಕಕ್ಕೂ ಬರಹದಲ್ಲಿ ಉತ್ತರ ಬರಲಿ. ಬಂದ ಮೇಲೆ ಚಪ್ಪಾಳೆಯ ಮಾತು.