ಎಂಟು ಮಕ್ಕಳಿಂದ ಆರಂಭವಾದ ಶಾಲೆ

(ಸಂಘದ ಪಾಲಕರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಊಟದ ಗಿರಾಕಿ ಇಳಿದು ಚಹದ ಗಿರಾಕಿ ಏರುವ ಮೊದಲು ಕಾಲು ಚಾಚಲು ಸಿಗುವ ಒಂದು ತಾಸನ್ನು ಬಿಟ್ಟು ತಾವು ಇಲ್ಲಿ ಬಂದು ಕುಳಿತಿದ್ದೀರಿ. ಆದುದರಿಂದ ಉದ್ದದ ಪೀಠಿಕೆ ಬೇಡ. ‘ಇಂಟರ್‌ನ್ಯಾಶನಲ್ ಸ್ಕೂಲು’ ಎಂಬ ಹಲಗೆ ಈಗ ಉಪನಗರದ ಯಾವ ರಸ್ತೆಯಲ್ಲಿ ಹೋದರೂ ಕಣ್ಣಿಗೆ ಬೀಳುತ್ತದೆ. ನಮ್ಮವರಲ್ಲಿ ಕೆಲವರು ಸಾಲ ಮಾಡಿಯಾದರೂ ಮಗುವನ್ನು ಅಲ್ಲಿಗೇ ಹಾಕಬೇಕೆನ್ನುತ್ತಾರೆ. ಇನ್ನು ಕೆಲವರು, ಅದು ಶ್ರೀಮಂತರ ಆಟ, ನಮಗೇಕೆ ಅದರ ಉಸಾಬರಿ ಎನ್ನುತ್ತಾರೆ. ಈ ಎರಡು ಮಾತನ್ನೂ ಆಡುವ ಮೊದಲು ಅಂಥ ಪ್ರಾಥಮಿಕ ಶಾಲೆಯೊಳಗೆ ದಿನವಿಡೀ ನಡೆಯುವುದೇನು ಎಂಬುದನ್ನು ನೋಡುವುದು ಒಳ್ಳೆಯದು.

ಅಂಥ ಒಂದು ಶಾಲೆಯ ಅಡಿಗೆಮನೆಯಲ್ಲಿ ನಮ್ಮ ಸಂಘದ ನಾಲ್ಕಾರು ಮಂದಿ ಕಂತ್ರಾಟುದಾರನ ಕೈಕೆಳಗೆ ದುಡಿದಿದ್ದೇವೆ. ಶಾಲೆಯ ಹೆಸರು ಬೇಡ. ಬಡಿಸುವ ಕಿಂಡಿಯಿಂದ ಕಂಡದ್ದು, ಪಾತ್ರೆ ಒಯ್ಯುವಾಗ ಕಿವಿಗೆ ಬಿದ್ದದ್ದು, ಇಷ್ಟೇ ನಮ್ಮ ಆಧಾರ.

ಬೆಳಿಗ್ಗೆ ಎಂಟರ ಸುಮಾರಿಗೆ ಬಸ್ಸುಗಳು ಬರುತ್ತವೆ. ಆರು ವರ್ಷದ ಕೂಸು ತನ್ನ ಚೀಲವನ್ನು ತಾನೇ ಗೂಟಕ್ಕೆ ತೂಗುಹಾಕಬೇಕು. ಆಮೇಲೆ ಮಕ್ಕಳು ಚಾಪೆಯ ಮೇಲೆ ದುಂಡಗೆ ಕೂಡುತ್ತಾರೆ. ಶಿಕ್ಷಕಿಯೂ ಅವರ ನಡುವೆ ನೆಲದ ಮೇಲೆಯೇ. ನಿನ್ನೆ ಏನು ಕಂಡೆ, ಏನು ತಿಳಿಯಲಿಲ್ಲ ಎಂದು ಒಬ್ಬೊಬ್ಬರೂ ಹೇಳಬೇಕು. ಒಬ್ಬರು ಹೇಳುವಾಗ ಉಳಿದವರು ಸುಮ್ಮನಿರಬೇಕು. (ನಮ್ಮ ಸಂಘದ ಸಭೆಗಳಿಗೂ ಈ ಪದ್ಧತಿ ಬಂದರೆ ಅಧ್ಯಕ್ಷರಿಗೆ ಸಂತೋಷವಾದೀತು.) ಗೋಡೆಯ ಮೇಲೆ ಮಕ್ಕಳು ಕೇಳಿದ ಪ್ರಶ್ನೆಗಳ ಚೀಟಿಗಳನ್ನು ಅಂಟಿಸಿರುತ್ತಾರೆ. ಒಂದು ವಿಷಯ ಹಿಡಿದರೆ ಐದಾರು ವಾರ ಅದನ್ನೇ ಜಗ್ಗುತ್ತಾರೆ. ಒಮ್ಮೆ ನೀರಿನ ವಿಷಯ ನಡೆದಿತ್ತು. ಲೆಕ್ಕವೂ ನೀರಿನದೇ, ಚಿತ್ರವೂ ನೀರಿನದೇ, ಕತೆಯೂ ನೀರಿನದೇ. ತಾನ್ಸಾ, ವೈತರಣಾ, ಭಾತ್ಸಾ ಕೆರೆಗಳಿಂದ ಮುಂಬಯಿಗೆ ನೀರು ಹೇಗೆ ಬರುತ್ತದೆಂದು ಕಾಗದದ ಕೊಳವೆಗಳನ್ನು ಓಣಿಯುದ್ದಕ್ಕೂ ಹಾಸಿದ್ದರು. ನಾವು ಗಂಗಾಳ ಹೊತ್ತುಕೊಂಡು ದಾಟಿ ದಾಟಿ ನಡೆಯಬೇಕಾಯಿತು.

ಇನ್ನೊಮ್ಮೆ ಅನ್ನದ ವಿಷಯ ಬಂತು. ಹತ್ತಿಪ್ಪತ್ತು ಮಕ್ಕಳು ಪುಸ್ತಕ ಪೆನ್ಸಿಲು ಹಿಡಿದು ಅಡಿಗೆಮನೆಗೇ ಬಂದರು. ಎಂಜಲು ಬುಟ್ಟಿಯನ್ನು ತಕ್ಕಡಿಗೆ ಇಡಿಸಿ ದಿನಕ್ಕೆಷ್ಟು ಅನ್ನ ಚೆಲ್ಲುತ್ತದೆಂದು ಬರೆದುಕೊಂಡರು. ಇಡ್ಲಿ ಹಿಟ್ಟು ಯಾಕೆ ಉಬ್ಬುತ್ತದೆ ಎಂದು ಒಬ್ಬ ಕೇಳಿದ. ನಮ್ಮ ಭಟ್ಟರು ಕುಂದಾಪುರದ ಕಡೆಯವರು, ಮೂವತ್ತು ವರ್ಷ ಹಿಟ್ಟು ಅರೆದವರು. ಯಾಕೆ ಎಂಬುದು ತನಗೆ ತಿಳಿಯದು, ಆದರೆ ಸೆಕೆಗಾಲದಲ್ಲಿ ಬೇಗ ಉಬ್ಬುತ್ತದೆ, ಚಳಿಗೆ ತಡ ಎಂದರು. ಮರುದಿನ ಆ ಮಕ್ಕಳು ಒಂದು ಬಟ್ಟಲು ಹಿಟ್ಟನ್ನು ಫ್ರಿಜ್ಜಿನಲ್ಲೂ ಒಂದನ್ನು ಒಲೆಯ ಬಳಿಯಲ್ಲೂ ಇಟ್ಟು ಗಂಟೆಗಂಟೆಗೆ ಬಂದು ಅಳೆದರು. ಹಿಟ್ಟಿನಲ್ಲಿ ಕಣ್ಣಿಗೆ ಕಾಣದ ಜೀವಿಗಳಿವೆ, ಅವು ಬಿಡುವ ಗಾಳಿಯಿಂದ ಹಿಟ್ಟು ಏಳುತ್ತದೆ ಎಂಬುದನ್ನು ಭಟ್ಟರು ತಿಳಿದದ್ದು ಆ ಮಕ್ಕಳಿಂದಲೇ. ‘ಅಂಕಲ್, ನಿಮಗೆ ಇದನ್ನೆಲ್ಲ ಯಾರು ಕಲಿಸಿದರು?’ ಎಂದು ಒಂದು ಹುಡುಗಿ ಕೇಳಿತು. ಭಟ್ಟರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮೂವತ್ತು ವರ್ಷದಲ್ಲಿ ಆ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿರಲಿಲ್ಲ.

ತರಗತಿಯ ಬಾಗಿಲಿನ ಮೇಲೆ ಹತ್ತು ಹನ್ನೆರಡು ಲಿಪಿಗಳಲ್ಲಿ ಸ್ವಾಗತ ಬರೆದಿತ್ತು. ಜಪಾನಿ, ಕೊರಿಯನ್, ಅರಬ್ಬಿ ಎಲ್ಲವೂ. ಮಗುವಿನ ಮನೆಮಾತಿಗೆ ಶಾಲೆ ಬೆಂಬಲ ಕೊಡಬೇಕು ಎಂಬುದು ಈ ಪದ್ಧತಿಯ ಕಟ್ಟಳೆಯಂತೆ. ಕೊನೆಯ ವರ್ಷದಲ್ಲಿ ಮಕ್ಕಳೇ ಒಂದು ವಿಷಯ ಆರಿಸಿ, ತಿಂಗಳುಗಟ್ಟಲೆ ವಿಚಾರಿಸಿ, ತಂದೆತಾಯಿಗಳ ಮುಂದೆ ಪ್ರದರ್ಶನ ಮಾಡಿ ತೋರಿಸುತ್ತಾರೆ.

ಹೊಗಳಿಕೆ ಇಷ್ಟು ಸಾಕು. ವರ್ಷದ ಫೀಸು ಲಕ್ಷಗಳ ಲೆಕ್ಕದಲ್ಲಿದೆ. ಅಲ್ಲಿ ದೇಶ ಬೇರೆ ಬೇರೆ, ಭಾಷೆ ಬೇರೆ ಬೇರೆ, ಜೇಬು ಮಾತ್ರ ಒಂದೇ. ಹಿಟ್ಟಿನ ಬಗ್ಗೆ ಅಷ್ಟು ಚೆನ್ನಾಗಿ ಕೇಳಿದ ಆ ಮಕ್ಕಳ ಪಕ್ಕದಲ್ಲಿ ಭಟ್ಟರ ಮೊಮ್ಮಗ ಕೂಡುವ ಚಾಪೆ ಇರಲಿಲ್ಲ. ನಮಗೂ ಊಟಕ್ಕೆ ಕೂಡಲು ಜಾಗವಿರಲಿಲ್ಲ. ಮೋರಿಯ ಬದಿಯಲ್ಲಿ ನಿಂತೇ ಉಣ್ಣುತ್ತಿದ್ದೆವು.

ಇನ್ನು ಈ ಶಾಲೆಗಳ ಮೂಲ ಎಲ್ಲಿ ಎಂದು ಕೇಳಿರಿ. ಇದು ಕಾರ್ಮಿಕರಾದ ನಮಗೆ ಸಂಬಂಧಿಸಿದ ಕತೆ. ಮೊದಲ ಮಹಾಯುದ್ಧ ಮುಗಿದ ಮೇಲೆ 1919ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಹುಟ್ಟಿತು; ಮರುವರ್ಷ ಅದರ ಕಚೇರಿ ಸ್ವಿಟ್ಜರ್‌ಲೆಂಡಿನ ಜಿನೀವಾ ಪಟ್ಟಣಕ್ಕೆ ಹೋಯಿತು. ಅಲ್ಲಿಯೂ, ರಾಷ್ಟ್ರಸಂಘದ ಕಚೇರಿಯಲ್ಲೂ ನಾನಾ ದೇಶದ ನೌಕರರು. ಅವರ ಮಕ್ಕಳು ಯಾವ ಶಾಲೆಗೆ ಹೋಗಬೇಕು, ಯಾವ ಭಾಷೆಯಲ್ಲಿ ಕಲಿಯಬೇಕು? ಪರಸ್ಥಳದಲ್ಲಿ ಸಂಸಾರ ಹೂಡಿದ ನಮಗೆ ಈ ಕಷ್ಟವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆ ಪಾಲಕರು ಕೈಕಟ್ಟಿ ಕೂಡಲಿಲ್ಲ. ಅಡಾಲ್ಫ್ ಫೆರಿಯೇರ್ ಎಂಬ ಶಿಕ್ಷಣತಜ್ಞರನ್ನು ಜೊತೆಗೆ ಕರೆದುಕೊಂಡು 1924ರಲ್ಲಿ ತಾವೇ ಒಂದು ಶಾಲೆ ತೆರೆದರು. ಫೆರಿಯೇರ್ ಮನೆತನದ ಮರದ ಮನೆಯೊಂದರಲ್ಲಿ, ಎಂಟು ಮಕ್ಕಳಿಂದ. ಜಿನೀವಾದ ಅಂತರರಾಷ್ಟ್ರೀಯ ಶಾಲೆ ಎಂದರೆ ಅದೇ. 1926ರಲ್ಲಿ ಕಮಲಾ ನೆಹರೂ ಅವರ ಚಿಕಿತ್ಸೆಗೆಂದು ಜವಾಹರಲಾಲರು ಜಿನೀವಾಕ್ಕೆ ಹೋದಾಗ ಪುಟ್ಟ ಇಂದಿರಾ ಕೆಲವು ಕಾಲ ಕಲಿತದ್ದೂ ಅಲ್ಲಿಯೇ.

1929ರಿಂದ ಇಪ್ಪತ್ತು ವರ್ಷ ಆ ಶಾಲೆಯನ್ನು ನಡೆಸಿದವರು ಮರಿ ತೆರೇಸ್ ಮೊರೆತ್ ಎಂಬ ಮಹಿಳೆ. ಅವರ ಗಂಡನೂ ಕಾರ್ಮಿಕ ಸಂಸ್ಥೆಯಲ್ಲೇ ಕೆಲಸ. ಆಕೆ ಭೂಗೋಳ ಕಲಿಸಿದ ರೀತಿ ಕೇಳಿರಿ: ತನ್ನ ದೇಶದಿಂದ ಶುರುಮಾಡದೆ ಮೊದಲು ಇಡೀ ಭೂಮಿ, ಆಮೇಲೆ ಬಿಡಿಬಿಡಿ ದೇಶ. ಚರಿತ್ರೆಯೂ ಒಬ್ಬರ ಗೆಲುವು ಇನ್ನೊಬ್ಬರ ಸೋಲು ಎಂಬ ಲೆಕ್ಕದ್ದಾಗಿರದೆ ಎಲ್ಲ ಜನಾಂಗಗಳದೂ ಕೂಡಿ ಇರಬೇಕು ಎಂದು ಆಕೆ ಹಟ ಹಿಡಿದರು. ಫ್ರೆಂಚು, ಇಂಗ್ಲಿಷು ಎರಡರಲ್ಲೂ ಪಾಠ. ಮುಂದೆ 1968ರಲ್ಲಿ ಐ.ಬಿ. ಎಂಬ ಪರೀಕ್ಷಾ ಸಂಸ್ಥೆ ಹುಟ್ಟಿದ್ದು ಅದೇ ಜಿನೀವಾದಲ್ಲಿ, ಆ ಶಾಲೆಯ ಮಾಸ್ತರರ ದುಡಿಮೆಯಿಂದ. 1997ರಲ್ಲಿ ಅದರ ಪ್ರಾಥಮಿಕ ಪಾಠಕ್ರಮ ಬಂತು. ನಾವು ಕಿಂಡಿಯಿಂದ ಕಂಡದ್ದು ಅದನ್ನೇ.

ಆದರೆ ಬಂಧುಗಳೇ, ಇದರ ಇನ್ನೊಂದು ಮಗ್ಗುಲೂ ಇದೆ. ಅದೇ ಕಾರ್ಮಿಕ ಸಂಸ್ಥೆ 1919ರಲ್ಲಿ ವಾಷಿಂಗ್ಟನ್ನಿನಲ್ಲಿ ಮೊದಲ ಸಮ್ಮೇಳನ ಕೂಡಿದಾಗ ಹಿಂದುಸ್ಥಾನದ ಕಾರ್ಮಿಕರ ಪ್ರತಿನಿಧಿಯಾಗಿ ಹೋದವರು ನಮ್ಮ ಮುಂಬಯಿಯ ಎನ್. ಎಂ. ಜೋಶಿಯವರು; 1911ರಲ್ಲಿ ಇಲ್ಲಿ ಸೋಶಿಯಲ್ ಸರ್ವಿಸ್ ಲೀಗ್ ಕಟ್ಟಿ ಗಿರಣಿ ಕೆಲಸಗಾರರಿಗೆ ರಾತ್ರಿ ಶಾಲೆ, ವಾಚನಾಲಯ ನಡೆಸಿದವರು. ಹದಿನಾಲ್ಕರ ಕೆಳಗಿನ ಮಕ್ಕಳನ್ನು ಕಾರ್ಖಾನೆಗೆ ಹಚ್ಚಬಾರದೆಂದು ಆ ಸಮ್ಮೇಳನ ನಿಬಂಧನೆ ಮಾಡಿತು. ಆದರೆ ಹಿಂದುಸ್ಥಾನಕ್ಕೆ ಅದು ಅನ್ವಯಿಸದು; ಇಲ್ಲಿ ಹನ್ನೆರಡು ಸಾಕು, ಅದೂ ಯಂತ್ರಶಕ್ತಿಯಿಂದ ನಡೆಯುವ, ಹತ್ತಕ್ಕಿಂತ ಹೆಚ್ಚು ಜನರ ಕಾರ್ಖಾನೆಗಳಲ್ಲಿ, ಗಣಿ, ರೈಲು, ಧಕ್ಕೆಗಳಲ್ಲಿ ಮಾತ್ರ ಎಂದು ಬೇರೆ ಕಲಮು ಬರೆದರು. ಹೊಟೇಲಿನ ಮಾತೇ ಅದರಲ್ಲಿಲ್ಲ. ಐದು ವರ್ಷಗಳ ತರುವಾಯ ಆ ಕಚೇರಿಯವರ ಮಕ್ಕಳು ಇಡೀ ಭೂಗೋಳ ಕಲಿಯತೊಡಗಿದರು. ಅದೇ ಭೂಗೋಳದ ಮೇಲಿನ ದಕ್ಷಿಣ ಕನ್ನಡದ ಹುಡುಗರು ತಲೆಮಾರುಗಟ್ಟಲೆ ಹಡಗು, ಬಸ್ಸು ಹತ್ತಿ ಮುಂಬಯಿಗೆ ಬಂದು ಹಗಲು ಮೇಜು ಒರೆಸಿ, ರಾತ್ರಿ ಶಾಲೆಯ ಬೆಂಚಿನ ಮೇಲೆ ತೂಕಡಿಸಿದರು. ಹೊಟೇಲುಗಳಲ್ಲಿ ಹದಿನಾಲ್ಕರ ಕೆಳಗಿನ ಮಕ್ಕಳ ದುಡಿಮೆಯನ್ನು ನಮ್ಮ ಸರ್ಕಾರ ನಿಷೇಧಿಸಿದ್ದು 2006ರ ಅಕ್ಟೋಬರ್ 10ರಂದು. ಕನಿಷ್ಠ ವಯಸ್ಸಿನ ಬಗ್ಗೆ 1973ರಲ್ಲಿ ಜಿನೀವಾದಲ್ಲಿ ಆದ ಒಪ್ಪಂದಕ್ಕೆ ನಮ್ಮ ದೇಶ ಒಪ್ಪಿಗೆ ಹಾಕಿದ್ದು 2017ರಲ್ಲಿ.

ಈಗ ನಮ್ಮ ಮಕ್ಕಳು ಮೇಜು ಒರೆಸುವುದಿಲ್ಲ, ಶಾಲೆಗೆ ಹೋಗುತ್ತಾರೆ. ಅಲ್ಲಿ ಅವರಿಗೆ ಯಾವ ಪ್ರಶ್ನೆ ಕೇಳುತ್ತಾರೆ? ನೀರಿನ ವಿಷಯ ನಮ್ಮ ಚಾಳಿನ ಮಗುವಿಗೆ ಯಾವ ಶ್ರೀಮಂತರ ಮಗುವಿಗಿಂತಲೂ ಹೆಚ್ಚು ಗೊತ್ತು. ನಲ್ಲಿ ಎಷ್ಟು ಗಂಟೆಗೆ ಬರುತ್ತದೆ, ಎಷ್ಟು ಹೊತ್ತು ಇರುತ್ತದೆ, ಒಂದು ಮನೆಗೆ ಎಷ್ಟು ಕೊಡ ಬೇಕು, ಸರದಿ ತಪ್ಪಿದರೆ ಯಾವ ಜಗಳ, ಎಲ್ಲವೂ ಗೊತ್ತು. ಅದು ಪಾಠವಾಗಬಹುದೆಂದು ಆ ಮಗುವಿಗೆ ಯಾರೂ ಹೇಳಿಲ್ಲ. ಹಲಗೆ ನೋಡಿ ಸಾಲ ಮಾಡಿ ಸೇರಿಸಿದ ಕೆಲವು ಅಗ್ಗದ ಶಾಲೆಗಳಲ್ಲಿ ಕನ್ನಡವೋ ತುಳುವೋ ಬಾಯಿಂದ ಬಂದರೆ ದಂಡ. ತಂದೆಗೇನು ಕೆಲಸ ಎಂದರೆ ಮಕ್ಕಳು ‘ಮ್ಯಾನೇಜರ್’ ಎನ್ನುತ್ತಾರೆ. ಯಾರು ಕಲಿಸಿದರು ಆ ಉತ್ತರವನ್ನು? ಮೇಜು ಒರೆಸಿ, ಸಪ್ಲಾಯರಾಗಿ, ಭಟ್ಟರಾಗಿ ಅವರನ್ನು ಸಾಕಿದವರು ನಾವು.

ಆದುದರಿಂದ ನಮ್ಮ ವಿಚಾರ ಹೀಗಿದೆ. ಹಲಗೆಯ ಮೋಹಕ್ಕೆ ಸಾಲ ಬೇಡ. ಅಲ್ಲಿ ಒಳ್ಳೆಯದಾಗಿ ಕಂಡದ್ದರಲ್ಲಿ ಹೆಚ್ಚಿನದಕ್ಕೆ ಹಣ ಬೇಕಾಗಿಲ್ಲ. ಚಾಪೆಗೆ, ಚೀಟಿಗೆ, ತಕ್ಕಡಿಗೆ, ಮಗುವಿನ ಪ್ರಶ್ನೆಗೆ ಕಿವಿಗೊಡುವುದಕ್ಕೆ ಎಷ್ಟು ಹಣ ಬೇಕು? ಅದನ್ನು ನಮ್ಮ ಮಕ್ಕಳು ಓದುವ ಮುನಸಿಪಾಲಿಟಿಯ ಮತ್ತು ಅನುದಾನಿತ ಶಾಲೆಗಳಲ್ಲಿ ಕೇಳುವ ಹಕ್ಕು ನಮಗಿದೆ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಅಂಥ ಪ್ರತಿ ಶಾಲೆಗೂ ವ್ಯವಸ್ಥಾಪನ ಸಮಿತಿ ಇರಬೇಕು. ಅದರ ಮುಕ್ಕಾಲು ಪಾಲು ಸದಸ್ಯರು ಪಾಲಕರೇ ಆಗಿರಬೇಕು, ಅರ್ಧದಷ್ಟು ಹೆಂಗಸರಿರಬೇಕು. ನಮ್ಮವರು ಎಷ್ಟು ಮಂದಿ ಅದರಲ್ಲಿದ್ದಾರೆ? ಕೈ ಎತ್ತಿರಿ ಎಂದರೆ ಎರಡು ಮೂರು ಎದ್ದಾವು. ದೋಷ ನಮ್ಮ ಆಲಸ್ಯದ್ದಲ್ಲ. ಸಭೆ ಕೂಡುವುದು ಹಗಲು ಹೊತ್ತಿನಲ್ಲಿ, ಗಲ್ಲೆಯ ಮುಂದೆ ಗಿರಾಕಿ ಕಟ್ಟಿರುವಾಗ. ಆಗ ಎರಡು ತಾಸು ಬಿಡಿ ಎಂದರೆ ಮಾಲಕರು ಅರ್ಧ ದಿನದ ಪಗಾರು ಕಡಿಯುತ್ತಾರೆ.

ಈ ಸಲದ ಬೇಡಿಕೆಗಳ ಪಟ್ಟಿಯಲ್ಲಿ ಬೋನಸು, ವಾರದ ರಜೆಗಳ ಜೊತೆಗೆ, ಶಾಲೆಯ ಸಭೆಗೆ ಹೋಗಲು ತಿಂಗಳಿಗೆ ಎರಡು ತಾಸಿನ ಪಗಾರು ಸಹಿತ ಬಿಡುವು ಕೊಡಬೇಕೆಂದು ಸೇರಿಸಲು ಕಾರ್ಯಕಾರಿ ಸಮಿತಿ ಒಪ್ಪಿದೆ. ಶನಿವಾರ ಮಧ್ಯಾಹ್ನ ಸಂಘದ ಹಾಲಿನಲ್ಲಿ ಮಕ್ಕಳಿಗಾಗಿ ಚಾಪೆ ಹಾಸಿರುತ್ತದೆ. ನಮ್ಮ ಭಟ್ಟರು ಎರಡು ಬಟ್ಟಲು ಹಿಟ್ಟಿನೊಡನೆ ಬರುತ್ತಾರೆ, ಮಾತು ಕನ್ನಡದಲ್ಲಿ, ತುಳುವಿನಲ್ಲಿ, ಮಗುವಿಗೆ ಬಂದ ಭಾಷೆಯಲ್ಲಿ. ಬಿಡುವಿನ ಅರ್ಜಿಯ ಕಾಗದ ಬಾಗಿಲ ಬಳಿಯ ಮೇಜಿನ ಮೇಲಿದೆ. ಹೊಟೇಲಿನ ಹೆಸರು, ಮಗುವಿನ ಶಾಲೆಯ ಹೆಸರು, ಸಭೆಯ ದಿನ ಬರೆದು, ತಾಯಿ ತಂದೆ ಇಬ್ಬರೂ ಸಹಿ ಹಾಕಿ ಕೊಟ್ಟು ಹೋಗಿರಿ.